ದಾನಯಾತ್ರೆಯ ಸಿದ್ಧತೆ ಮತ್ತು ಅಂಗಡಿಯ ದಿನಚರಿ

ವ್ಯಾಪಾರದಲ್ಲಿ ಒಂದಿಷ್ಟು ನೆಲೆ ಕಂಡ ವರ್ತಕರು ಇಬ್ಬರು ಮೂವರು ಸ್ನೇಹಿತರೊಡಗೂಡಿ ಕಾರಿನಲ್ಲಿಯೋ ಮೋಟಾರ್ ಸೈಕಲಿನಲ್ಲಿಯೋ ಲೇಹ್‌ಗೆ, ಕಚ್ಛಿಗೆ ಅಥವಾ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೊರಡುವುದು, ಆ ಪ್ರಯಾಣದ ಹೆಸರಿನಲ್ಲಿ ಯಾವುದಾದರೊಂದು ಶಾಲೆಗೋ ಆಸ್ಪತ್ರೆಗೋ ನಿಧಿ ಕೂಡಿಸುವುದು ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ತೀರ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವ ದಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಬೀಳ್ಕೊಡುವ ಛಾಯಾಚಿತ್ರ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಛಾಯಾಚಿತ್ರದಲ್ಲಿ ಕಾಣಿಸದೇ ಇರುವುದು ಅದರ ಹಿಂದಿನ ಆರು ತಿಂಗಳು. ಪ್ರಯಾಣ ಮೂರು ವಾರಗಳಲ್ಲಿ ಮುಗಿದುಹೋಗುತ್ತದೆ. ಸಿದ್ಧತೆಯಾದರೋ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ, ಗಿರಾಕಿಗಳ ನಡುವೆಯೇ ನಡೆಯಬೇಕು. ವ್ಯವಹಾರಕ್ಕೆ ಪೆಟ್ಟು ಬೀಳುವುದಾದರೆ ಅದು ಬಹುಮಟ್ಟಿಗೆ ಬೀಳುವುದು ಈ ಅವಧಿಯಲ್ಲಿಯೇ.

ಇಂಥ ಯಾತ್ರೆಗಳ ಇಂದಿನ ಮಾದರಿ ಹೊರದೇಶದಿಂದ ಬಂದುದು. 2004ರಲ್ಲಿ ಇಂಗ್ಲೆಂಡಿನಿಂದ ಆರಂಭವಾದ ಮಂಗೋಲ್ ರ್ಯಾಲಿಯಲ್ಲಿ ಸ್ಪರ್ಧಿಗಳು ಹಳೆಯ ಪುಟ್ಟ ಕಾರುಗಳನ್ನು ಮಂಗೋಲಿಯದವರೆಗೆ ಓಡಿಸಿಕೊಂಡು ಹೋಗುತ್ತಿದ್ದರು. ಪ್ರತಿಯೊಂದು ತಂಡವೂ ಕನಿಷ್ಠ ಒಂದು ಸಾವಿರ ಪೌಂಡು ದಾನನಿಧಿ ಸಂಗ್ರಹಿಸಬೇಕೆಂಬುದು ನಿಯಮವಾಗಿತ್ತು. ಅದೇ ಸಂಸ್ಥೆಯವರು 2006ರಿಂದ ಭಾರತದಲ್ಲಿ ಆಟೋರಿಕ್ಷಾ ಯಾತ್ರೆಯನ್ನು ನಡೆಸಿದರು. ಕೊಚ್ಚಿ ಅದರ ಒಂದು ತುದಿಯಾದ್ದರಿಂದ ಬಣ್ಣ ಬಳಿದ ರಿಕ್ಷಾಗಳಲ್ಲಿ ಕುಳಿತ ವಿದೇಶೀಯರನ್ನು ಕರಾವಳಿಯ ಹೆದ್ದಾರಿಯಲ್ಲಿ ಕಂಡು ಬೆರಗಾದವರಿದ್ದಾರೆ. ಹಾಗೆಂದು ದೂರ ಸಂಚರಿಸಿ ನಿಧಿ ಕೂಡಿಸುವುದು ಈ ನೆಲಕ್ಕೆ ಹೊಸದೇನೂ ಅಲ್ಲ. 1933ರ ನವೆಂಬರಿನಿಂದ 1934ರ ಜುಲೈವರೆಗೆ ಗಾಂಧೀಜಿ ಹರಿಜನ ನಿಧಿಗಾಗಿ ಕೈಗೊಂಡ ಪ್ರವಾಸದ ಉದ್ದ ಸುಮಾರು ಹನ್ನೆರಡೂವರೆ ಸಾವಿರ ಮೈಲಿ, ಕೂಡಿಬಂದ ಹಣ ಸುಮಾರು ಎಂಟು ಲಕ್ಷ ರೂಪಾಯಿ. ಕರ್ನಾಟಕದ ಊರುಗಳೂ ಆ ಪ್ರವಾಸದಲ್ಲಿದ್ದವು. ಅಲ್ಲಿ ಜನ ಕೊಟ್ಟುದು ಉದ್ದೇಶಕ್ಕೆ. ವಾಹನದ ಮೇಲಿನ ಕುತೂಹಲಕ್ಕಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಹನ್ನೆರಡು ಜನ ಕೆಲಸಗಾರರ ಯಂತ್ರಭಾಗಗಳ ಘಟಕವೊಂದನ್ನು ನಡೆಸುವ ಮಾಲೀಕನನ್ನು ಕಲ್ಪಿಸಿಕೊಳ್ಳಬಹುದು. ಲೇಹ್‌ಗೆ ಹೋಗಿ ಬರುವ ಹಾದಿ ಆತನಿಗೆ ಸುಮಾರು ಆರು ಸಾವಿರ ಕಿಲೋಮೀಟರು. ಲೀಟರಿಗೆ ಹದಿನೈದು ಕಿಲೋಮೀಟರು ಓಡುವ ಕಾರಿಗೆ ನಾನೂರು ಲೀಟರ್ ಇಂಧನ ಬೇಕು. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ ನಲವತ್ತು ಸಾವಿರ. ಇಪ್ಪತ್ತೆರಡು ರಾತ್ರಿಗಳ ವಸತಿ, ಊಟ, ಟೋಲು, ಹೊರಡುವ ಮುನ್ನ ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟುಗಳ ಖರ್ಚು ಸೇರಿದರೆ ಲಕ್ಷ ರೂಪಾಯಿ ದಾಟುವುದು ಖಂಡಿತ. ಆ ಲಕ್ಷವನ್ನು ನೇರವಾಗಿ ಶಾಲೆಗೆ ಕೊಟ್ಟುಬಿಟ್ಟರೆ ಆಗದೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಇದು ಸರಿಯಾದ ಪ್ರಶ್ನೆ. ಯಾತ್ರೆಯ ಹೆಸರಿನಿಂದ ಕೂಡುವ ಹಣ ಯಾತ್ರೆಯ ಖರ್ಚಿನ ಮೂರು ನಾಲ್ಕು ಪಟ್ಟಾದರೂ ಆಗದಿದ್ದಲ್ಲಿ ಅದನ್ನು ದಾನಯಾತ್ರೆ ಎಂದು ಕರೆಯುವುದರಲ್ಲಿ ಅರ್ಥವಿಲ್ಲ. ಅದು ಪ್ರವಾಸ. ಇಪ್ಪತ್ತು ವರ್ಷ ಒಂದು ದಿನವೂ ರಜೆ ಪಡೆಯದೆ ದುಡಿದವನು ಪ್ರವಾಸ ಹೋಗುವುದರಲ್ಲಿ ತಪ್ಪೇನಿದೆ? ಅದಕ್ಕೆ ಅನಾಥ ಮಕ್ಕಳ ಹೆಸರು ಬೇಕಾಗಿಲ್ಲ, ಅಷ್ಟೆ.

ಖರ್ಚು ಯಾರದೆಂಬ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಮಂಗೋಲ್ ರ್ಯಾಲಿಯಲ್ಲಿ ಪ್ರವೇಶ ಶುಲ್ಕ ಬೇರೆ, ದಾನದ ಹಣ ಬೇರೆ. ಇಂಧನ, ವೀಸಾ, ರಿಪೇರಿಗಳೆಲ್ಲ ಪ್ರಯಾಣಿಕನ ಸ್ವಂತ ಜೇಬಿನಿಂದ. ಈ ಒಂದು ಕ್ರಮವನ್ನಾದರೂ ಇಲ್ಲಿಯವರು ಹಾಗೆಯೇ ಎತ್ತಿಕೊಳ್ಳಬೇಕು. ದಾನಿಗಳು ಹಣವನ್ನು ಯಾತ್ರಿಕನ ಕೈಗೆ ಕೊಡುವ ಬದಲು ಸಂಸ್ಥೆಯ ಖಾತೆಗೇ ಚೆಕ್ಕಿನ ಮೂಲಕವೋ ಯುಪಿಐ ಮೂಲಕವೋ ಸಲ್ಲಿಸಿದರೆ ಅರ್ಧ ತೊಡಕು ಆರಂಭದಲ್ಲಿಯೇ ನಿವಾರಣೆಯಾಗುತ್ತದೆ. 80ಜಿ ಎಂದೇ ವರ್ತಕರ ಬಾಯಲ್ಲಿ ರೂಢಿಯಾದ ವಿನಾಯಿತಿ 2017–18ರ ಆರ್ಥಿಕ ವರ್ಷದಿಂದ ಎರಡು ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೆ ದೊರೆಯುವುದಿಲ್ಲ. 2023–24ರಿಂದ ಸಹಜ ಆಯ್ಕೆಯಾಗಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಮುಂದುವರಿಯುವ ವ್ಯಕ್ತಿಗಂತೂ ಆ ವಿನಾಯಿತಿಯೇ ಇಲ್ಲ. ತೆರಿಗೆ ಉಳಿಯುತ್ತದೆಂಬ ಆಸೆ ತೋರಿಸಿ ದಾನ ಕೇಳುವವರು ಇದನ್ನು ಮೊದಲೇ ತಿಳಿಸದಿದ್ದರೆ ಮಾರ್ಚ್ ತಿಂಗಳಲ್ಲಿ ಸ್ನೇಹ ಕೆಡುತ್ತದೆ. ಇನ್ನು ಕಾರಿನ ಖರ್ಚನ್ನು ಅಂಗಡಿಯ ಕಿರ್ದಿಯಲ್ಲಿ ಪ್ರಯಾಣ ವೆಚ್ಚವೆಂದು ಬರೆದುಬಿಡುವ ಅಭ್ಯಾಸ. ವೈಯಕ್ತಿಕ ಖರ್ಚು ವ್ಯವಹಾರದ ಖರ್ಚಾಗುವುದಿಲ್ಲವೆಂಬುದು ಗುಮಾಸ್ತನಿಗೂ ಗೊತ್ತು. ಕಾರಿನ ಬಾಗಿಲ ಮೇಲೆ ಅಂಗಡಿಯ ಹೆಸರು ಬರೆಸಿದ್ದರೆ ಅಷ್ಟರ ಮಟ್ಟಿಗೆ ಅದು ಜಾಹೀರಾತು. ಜಾಹೀರಾತಿನ ಹಣವನ್ನು ಜಾಹೀರಾತೆಂದೇ ಬರೆಯಬೇಕು, ದಾನದ ಮೊತ್ತದಲ್ಲಿ ಸೇರಿಸಿ ಹೇಳಿಕೊಳ್ಳಬಾರದು.

ಇವೆಲ್ಲಕ್ಕಿಂತ ಗಂಭೀರವಾದ ಲೋಪವೊಂದಿದೆ. ಯಾತ್ರೆಯ ಖರ್ಚಿಗೆ ಕೈಯಲ್ಲಿ ನಗದು ಬೇಕೆಂದು ಸರಬರಾಜುದಾರರ ಬಿಲ್ಲುಗಳನ್ನು ತಿಂಗಳೊಪ್ಪತ್ತು ಮುಂದೆ ತಳ್ಳುವುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯಿದೆ ವಿಧಿಸುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಯಿದೆಯ ಮಾತು ಹಾಗಿರಲಿ. ಎರಡು ಲೇತ್ ಯಂತ್ರಗಳನ್ನಿಟ್ಟುಕೊಂಡು ಜಾಬ್‌ವರ್ಕ್ ಮಾಡುವ ಸಣ್ಣ ಮನುಷ್ಯ ತನ್ನ ಹದಿನೆಂಟು ಸಾವಿರ ರೂಪಾಯಿಗಾಗಿ ಫೋನು ಮಾಡಿದಾಗ, ಸಾಹೇಬರು ದಾನಯಾತ್ರೆಗೆ ಹೋಗಿದ್ದಾರೆ, ಬಂದ ಮೇಲೆ ನೋಡೋಣ ಎಂಬ ಉತ್ತರ ಬಂದರೆ ಆ ದಾನದ ಮೂಲ ದಾನಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವ ವಾರ ಸಲ್ಲಿಸಬೇಕಾದ ಬಾಕಿಗಳ ಪಟ್ಟಿ ಖಾಲಿಯಾಗಿರಬೇಕು. ಹಾಗಾಗದಿದ್ದಲ್ಲಿ ಯಾತ್ರೆಯನ್ನು ಒಂದು ವರ್ಷ ಮುಂದೂಡುವುದೇ ಲೇಸು. ಹಿಮಾಲಯ ಎಲ್ಲಿಗೂ ಹೋಗುವುದಿಲ್ಲ.

ಕೇಳುವುದರಲ್ಲಿಯೂ ಒಂದು ಮರ್ಯಾದೆ ಇದೆ. ಗಣೇಶೋತ್ಸವದ ಚಂದಾ ಪುಸ್ತಕ ಹಿಡಿದು ಅಂಗಡಿಯ ಮೆಟ್ಟಿಲೇರುವ ಗುಂಪನ್ನು ಕಂಡಾಗ ವರ್ತಕನ ಮನಸ್ಸಿನಲ್ಲಿ ಏಳುವ ಭಾವ ಏನೆಂಬುದು ವರ್ತಕರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ದೊಡ್ಡ ಖರೀದಿದಾರನು ತನ್ನ ಸರಬರಾಜುದಾರನ ಮುಂದೆ ರಸೀದಿ ಪುಸ್ತಕ ಇಟ್ಟಾಗ ಅದೇ ಭಾವ ಅಲ್ಲಿಯೂ ಏಳುತ್ತದೆ, ಆದರೆ ನಗುಮುಖದ ಹಿಂದೆ ಅಡಗಿಕೊಳ್ಳುತ್ತದೆ. ಮುಂದಿನ ಆರ್ಡರು ಆ ರಸೀದಿಗೆ ಗಂಟುಬಿದ್ದಿದೆಯೆಂದು ಆತ ಭಾವಿಸಿದರೆ ಅದು ದಾನವಲ್ಲ, ಕಮಿಷನ್ನು. ಕೆಲಸಗಾರರ ಸಂಬಳದಿಂದ ಸ್ವಇಚ್ಛೆಯ ಹೆಸರಿನಲ್ಲಿ ನೂರಿನ್ನೂರು ಹಿಡಿಯುವುದಂತೂ ಸಲ್ಲದು. ಕೇಳಬೇಕಾದುದು ಸರಿಸಮಾನರನ್ನು, ಇಲ್ಲವೆನ್ನಲು ಹೆದರದವರನ್ನು.

ಕಾಲದ ವಿಷಯದಲ್ಲಿ ಪಂಚಾಂಗಕ್ಕಿಂತ ವ್ಯಾಪಾರದ ಹಂಗಾಮು ಮುಖ್ಯ. ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿ ಸಾಮಾನ್ಯವಾಗಿ ಜೂನಿನಿಂದ ಅಕ್ಟೋಬರಿನವರೆಗೆ ಮಾತ್ರ ತೆರೆದಿರುತ್ತದೆ. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಅಟಲ್ ಸುರಂಗದಿಂದ ರೋಹತಾಂಗದ ತಾಪತ್ರಯ ತಪ್ಪಿತಾದರೂ ಅದರಾಚೆಯ ಐದು ಸಾವಿರ ಮೀಟರಿಗೆ ಸಮೀಪದ ಮತ್ತು ಅದನ್ನು ಮೀರಿದ ಕಣಿವೆಗಳು ಚಳಿಗಾಲದಲ್ಲಿ ಮುಚ್ಚಿಯೇ ಇರುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ವರ್ತಕನಿಗೆ ಇದು ಅನುಕೂಲದ ಕಾಲ. ಆವಕದ ಭರಾಟೆ ಮುಗಿದು ಪೇಟೆ ತಣ್ಣಗಾಗಿರುತ್ತದೆ. ಬೀಜ ಗೊಬ್ಬರದ ಅಂಗಡಿಯವನಿಗೆ ಜೂನ್ ಜುಲೈನಲ್ಲಿ ಊಟಕ್ಕೂ ಬಿಡುವಿಲ್ಲ. ಬಟ್ಟೆ ವ್ಯಾಪಾರಿಗೆ ಮದುವೆಯ ಹಂಗಾಮು ಕಳೆದ ಮೇಲೆ ಆಷಾಢ ಸಿಕ್ಕುತ್ತದೆ, ಆದರೆ ಶ್ರಾವಣದ ಖರೀದಿಗೆ ಆತ ಆಗಲೇ ಸೂರತ್ತಿನ ಕಡೆ ನೋಡುತ್ತಿರಬೇಕು. ಇಂಥವರಿಗೆ ಲೇಹ್ ಸಾಧ್ಯವಾಗದಿದ್ದರೆ ಡಿಸೆಂಬರಿನ ಕಚ್ಛವೋ ರಾಜಸ್ಥಾನವೋ ಸಾಧ್ಯವಾಗುತ್ತದೆ. ಸ್ನೇಹಿತರ ತಂಡದಲ್ಲಿ ಮೂರು ಬಗೆಯ ವ್ಯಾಪಾರದವರು ಇದ್ದಾಗ ದಿನ ಗೊತ್ತುಮಾಡುವುದೇ ಮೊದಲ ಘಾಟಿ.

ದೈನಂದಿನ ಕರ್ತವ್ಯಗಳ ಸರಪಳಿ ಹೇಗೆ ಬಿಗಿದಿದೆಯೆಂಬುದು ಹೊರಡಲು ನಿಂತಾಗಲೇ ಅರಿವಾಗುತ್ತದೆ. ಏಳನೆಯ ತಾರೀಖಿನೊಳಗೆ ಸಂಬಳ ಮತ್ತು ಟಿಡಿಎಸ್, ಹನ್ನೊಂದಕ್ಕೆ ಜಿಎಸ್‌ಟಿಆರ್–1, ಹದಿನೈದಕ್ಕೆ ಭವಿಷ್ಯನಿಧಿ ಮತ್ತು ಇಎಸ್‌ಐ, ಇಪ್ಪತ್ತಕ್ಕೆ ಜಿಎಸ್‌ಟಿಆರ್–3ಬಿ. ಮೂರು ವಾರಗಳ ಗೈರುಹಾಜರಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಬಂದೇ ಬರುತ್ತವೆ. ಹನ್ನೊಂದರ ವಿವರಣೆ ತಪ್ಪಿದರೆ ನಷ್ಟ ಯಾತ್ರಿಕನೊಬ್ಬನದಲ್ಲ. ಆತನಿಂದ ಸರಕು ಕೊಂಡ ಗಿರಾಕಿಗೆ ಆ ತಿಂಗಳ ತೆರಿಗೆ ಜಮೆ ಸಿಕ್ಕುವುದಿಲ್ಲ. ಇವನ್ನೆಲ್ಲ ಲೆಕ್ಕಪರಿಶೋಧಕರ ಕಚೇರಿ ನೋಡಿಕೊಳ್ಳುತ್ತದೆಂಬುದು ಅರ್ಧ ಸತ್ಯ, ಏಕೆಂದರೆ ಒಟಿಪಿ ಬರುವುದು ಮಾಲೀಕನ ಮೊಬೈಲಿಗೆ. ಲಡಾಖಿನಲ್ಲಿ ಹೊರ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ; ಪೋಸ್ಟ್‌ಪೇಯ್ಡ್ ಇದ್ದರೂ ಹಾದಿಯುದ್ದಕ್ಕೂ ಗಂಟೆಗಟ್ಟಲೆ ಸಂಪರ್ಕ ಇರುವುದಿಲ್ಲ. ಇತ್ತ ಬ್ಯಾಂಕಿನ ಪಾವತಿ ನಿಂತು ಅತ್ತ ಮಾಲೀಕನು ಬೆಟ್ಟದ ಮೇಲೆ ಫೋನು ಎತ್ತಿ ಹಿಡಿದು ಓಡಾಡುವ ಸ್ಥಿತಿ ಬಾರದಿರಬೇಕಾದರೆ ಬ್ಯಾಂಕಿನಲ್ಲಿ ಇನ್ನೊಬ್ಬರಿಗೆ ಸಹಿಯ ಅಧಿಕಾರ, ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಇನ್ನೊಬ್ಬ ಅಧಿಕೃತ ಸಹಿದಾರರ ಹೆಸರು ಎರಡು ತಿಂಗಳು ಮೊದಲೇ ಸೇರಿರಬೇಕು.

ಆ ಇನ್ನೊಬ್ಬರು ಯಾರು? ಬಹುತೇಕ ಅಂಗಡಿಗಳಲ್ಲಿ ಅದು ಮಾಲೀಕನ ಪತ್ನಿ, ಇಲ್ಲವೇ ತಮ್ಮ, ಇಲ್ಲವೇ ಮೂವತ್ತು ವರ್ಷದ ಹಳೆಯ ಗುಮಾಸ್ತ. ಇವರಿಗೆ ಜವಾಬ್ದಾರಿಯನ್ನು ವಹಿಸುತ್ತಾರೆ, ಅಧಿಕಾರವನ್ನು ವಹಿಸುವುದಿಲ್ಲ. ಮಾಲೀಕರು ಬಂದ ಮೇಲೆ ಕೇಳಿ ಹೇಳುತ್ತೇವೆ ಎಂಬ ಮಾತು ಒಂದು ದಿನದಲ್ಲಿ ಮೂರು ಸಲ ಕೇಳಿಬಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಎಷ್ಟರವರೆಗೆ ರಿಯಾಯಿತಿ ಕೊಡಬಹುದು, ಯಾರಿಗೆ ಎಷ್ಟು ಉದರಿ, ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು, ಎಷ್ಟು ರೂಪಾಯಿಯವರೆಗೆ ಕೇಳದೆ ಖರ್ಚು ಮಾಡಬಹುದು ಎಂಬುದನ್ನು ಬರೆದುಕೊಟ್ಟು, ಹೊರಡುವುದಕ್ಕೆ ಮುನ್ನಿನ ತಿಂಗಳಲ್ಲಿ ಮೂರು ದಿನ ಮಾಲೀಕನು ಊರಿನಲ್ಲಿದ್ದೂ ಅಂಗಡಿಗೆ ಹೋಗದೆ ಇರಬೇಕು. ಫೋನನ್ನೂ ಎತ್ತಬಾರದು. ಆ ಮೂರು ದಿನಗಳಲ್ಲಿ ಬಯಲಾಗುವ ದೋಷಗಳು ಯಾವ ಸಲಹೆಗಾರನ ವರದಿಯಲ್ಲಿಯೂ ಬರುವಂಥವಲ್ಲ. ಯಾತ್ರೆ ಕೊನೆಗೆ ರದ್ದಾದರೂ ಇದೊಂದು ಲಾಭ ಉಳಿದೇ ಉಳಿಯುತ್ತದೆ.

ಮನೆಯ ಭಾರವನ್ನು ಇಷ್ಟು ಲೆಕ್ಕ ಹಾಕುವವರು ಕಡಿಮೆ. ಜೂನಿನಲ್ಲಿ ಶಾಲೆ ಕಾಲೇಜುಗಳ ಪ್ರವೇಶ, ಮಳೆಗಾಲದ ಜ್ವರ, ವೃದ್ಧ ತಂದೆತಾಯಿಯರ ಔಷಧ, ಇವುಗಳ ಜೊತೆಗೆ ಗಲ್ಲಾಪೆಟ್ಟಿಗೆಯ ಕೀಲಿಯೂ ಒಬ್ಬಳೇ ಗೃಹಿಣಿಯ ಕೈಗೆ ಬಂದರೆ, ಹಾರ ಹಾಕಿಸಿಕೊಳ್ಳಬೇಕಾದವರು ಯಾರೆಂದು ನೆರೆಹೊರೆಯವರು ಕೇಳಿಯಾರು. ಸಂಜೆಗಳು ನಕ್ಷೆ ನೋಡುವುದರಲ್ಲಿ, ಭಾನುವಾರಗಳು ಗ್ಯಾರೇಜಿನಲ್ಲಿ ಕಳೆಯುತ್ತವೆ. ವಾರದಲ್ಲಿ ಇಂತಿಷ್ಟೇ ಗಂಟೆಯೆಂದು ಸಿದ್ಧತೆಗೆ ಮಿತಿ ಹಾಕಿಕೊಂಡವರು ಮಾತ್ರ ಮನೆಯವರ ನಗುಮುಖದೊಂದಿಗೆ ಹೊರಟಿದ್ದಾರೆ.

ದಾರಿಯ ಲೆಕ್ಕದಲ್ಲಿಯೂ ಅತಿಯಾಸೆ ಅಪಾಯಕರ. ದಿನಕ್ಕೆ ಏಳುನೂರು ಕಿಲೋಮೀಟರೆಂದು ಬರೆದುಕೊಂಡು ಹೊರಡುವವರು ನೆನೆಯಬೇಕಾದುದೊಂದಿದೆ: ಸರಕು ಸಾಗಿಸುವ ಲಾರಿಗೆ 2021ರ ಜನವರಿಯಿಂದ ಇ–ವೇ ಬಿಲ್ಲಿನಲ್ಲಿ ಇನ್ನೂರು ಕಿಲೋಮೀಟರಿಗೆ ಒಂದು ದಿನದ ಅವಧಿ. ವೃತ್ತಿಯ ಚಾಲಕನಿಗೇ ಇಷ್ಟು ಅವಕಾಶವಿರುವಾಗ, ಹದಿನೈದು ವರ್ಷ ಕುರ್ಚಿಯಲ್ಲಿ ಕುಳಿತ ಬೆನ್ನು ಏಳುನೂರಕ್ಕೆ ಒಪ್ಪೀತೇ? ರಾತ್ರಿ ಚಾಲನೆ ಬೇಡ. ಹೊರಡುವ ಮುನ್ನ ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ಆಗಬೇಕು. ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಮೀಟರು ಎತ್ತರದ ಲೇಹ್ ತಲುಪಿದ ಮೇಲೆ ಎರಡು ದಿನವಾದರೂ ವಿಶ್ರಾಂತಿ ಬೇಕು. ಇಪ್ಪತ್ತನೆಯ ತಾರೀಖಿಗೆ ಊರು ಮುಟ್ಟಲೇಬೇಕೆಂಬ ಆತುರದಲ್ಲಿ ಈ ಎರಡು ದಿನಗಳನ್ನು ಕತ್ತರಿಸಿದವರು ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನು ಬಡ್ಡಿಸಹಿತ ತೀರಿಸಬೇಕಾಗಬಹುದು. ವಾಹನ ವಿಮೆ ಮತ್ತು ಹೊಗೆ ಪ್ರಮಾಣಪತ್ರದ ಅವಧಿ ಪ್ರಯಾಣದ ನಡುವೆ ಮುಗಿಯುವುದಿಲ್ಲವೆಂದು ನೋಡಿಕೊಳ್ಳುವುದು ಐದು ನಿಮಿಷದ ಕೆಲಸ, ಅದೇ ಮರೆತುಹೋಗುತ್ತದೆ.

ಮರಳಿ ಬಂದ ಮೇಲೆ ಸನ್ಮಾನಗಳಿಗೆ ಮುನ್ನ ಒಂದು ಹಾಳೆ ಸಿದ್ಧವಾಗಬೇಕು: ಒಟ್ಟು ಎಷ್ಟು ದಾನ ಸಂದಿತು, ಅದು ಯಾವ ದಿನ ಯಾವ ಖಾತೆಗೆ ಹೋಯಿತು, ಯಾತ್ರೆಗೆ ಖರ್ಚೆಷ್ಟು, ಆ ಖರ್ಚನ್ನು ಯಾರು ಭರಿಸಿದರು. ಅದನ್ನು ದಾನಿಗಳಿಗೆಲ್ಲ ಕಳುಹಿಸಿ, ಒಂದು ಪ್ರತಿಯನ್ನು ಅಂಗಡಿಯ ಗೋಡೆಗೂ, ಕಾರ್ಖಾನೆಯ ಹಾಜರಿ ಪುಸ್ತಕವಿರುವ ಮೇಜಿನ ಮೇಲಿನ ಫಲಕಕ್ಕೂ ಅಂಟಿಸಬೇಕು. ಇಪ್ಪತ್ತೆರಡು ದಿನ ಯಂತ್ರ ನಿಲ್ಲದಂತೆ ನೋಡಿಕೊಂಡ ಹನ್ನೆರಡು ಜನ ಅಲ್ಲಿಯೇ ಪ್ರತಿ ಬೆಳಿಗ್ಗೆ ಸಹಿ ಹಾಕುತ್ತಾರೆ.