ಅಡಿಕೆಗೆ ಬರ ತಡೆಯುವ ಶಕ್ತಿ ಉಂಟೆ?



ಅಡಿಕೆ ಸಸಿಗೆ ಹೆಸರು ಬರೆಸಲು ಬರುವವರಲ್ಲಿ ಅನೇಕರು ಈಗ ಕೇಳುವುದು ಒಂದೇ ಮಾತು: "ಬರ ತಡೆಯೋ ತಳಿ ಯಾವುದಾದ್ರೂ ಇದ್ರೆ ಹೇಳಿ ಸ್ವಾಮಿ." ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಅದರ ಬೆನ್ನಿಗೆ ಬಂದ 2024ರ ಬೇಸಿಗೆಯನ್ನು ಕೊಳವೆಬಾವಿಯೊಂದನ್ನೇ ನಂಬಿದ ತೋಟಗಾರ ಯಾರೂ ಮರೆತಿಲ್ಲ. ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ ಬೆಳೆಯುತ್ತಿದ್ದ ನಮ್ಮ ರಾವಂದೂರು ಸೀಮೆಯ ಕೆಂಪು ಹೊಲಗಳಲ್ಲಿ ಅಡಿಕೆ ಸಾಲು ಏಳುತ್ತಿರುವ ಕಾಲ ಇದು. ಆದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳಬೇಕಾದ್ದು ತಳಿಯ ವಿಷಯದಲ್ಲಿ ಅಲ್ಲ, ನೀರಿನ ವಿಷಯದಲ್ಲಿ ಎಂಬುದು ನನ್ನ ಅಭಿಪ್ರಾಯ.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೊಸ ತೋಟಕ್ಕೆ ಸಸಿ ಕೊಡುವ ಮೊದಲು, ಸಾಲಕ್ಕೆ ಶಿಫಾರಸು ಮಾಡುವ ಮೊದಲು, ಸಂಘವು ಸದಸ್ಯರಿಂದ ಎರಡು ವಿವರ ಕೇಳಬೇಕು. ಏಪ್ರಿಲ್ ತಿಂಗಳಲ್ಲಿ ಬಾವಿಯಲ್ಲಿ ಬರುವ ನೀರು ಎಷ್ಟು? ಆ ನೀರಿನಲ್ಲಿರುವ ಉಪ್ಪು ಎಷ್ಟು? ಇದು ಅನಾವಶ್ಯಕ ಕಿರುಕುಳವೆಂದು ಕೆಲವರಿಗೆ ತೋರಬಹುದು. ಏಕೆ ಅಲ್ಲ ಎಂಬುದನ್ನು ಗಿಡದ ಕಡೆಯಿಂದಲೇ ನೋಡೋಣ.

ಬರ ಬಂದಾಗ ಗಿಡ ಮೊದಲು ಮಾಡುವ ಕೆಲಸ ಬಾಯಿ ಮುಚ್ಚುವುದು. ಎಲೆಯ ತುಂಬ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಆವಿ ಹೊರಕ್ಕೆ ಹೋಗುವುದೂ ಆಹಾರ ತಯಾರಿಸಲು ಬೇಕಾದ ಗಾಳಿ ಒಳಕ್ಕೆ ಬರುವುದೂ ಅದೇ ಬಾಗಿಲಲ್ಲಿ. ಮಣ್ಣು ಒಣಗುತ್ತಿದೆ ಎಂಬ ಸುದ್ದಿ ಬೇರಿನಿಂದ ಎಲೆಗೆ ಮುಟ್ಟಿದ ಕೂಡಲೇ ಬಾಗಿಲು ಮುಚ್ಚುತ್ತದೆ. ನೀರೇನೋ ಉಳಿಯುತ್ತದೆ, ಆದರೆ ಅಡಿಗೆಮನೆಯ ಒಲೆಯೂ ಆರುತ್ತದೆ. ಅಂದರೆ ಬರ ತಡೆಯುವುದು ಬೇರೆ, ಬರದಲ್ಲಿ ಫಸಲು ಕೊಡುವುದು ಬೇರೆ. ಸಾಯದೆ ನಿಂತ ಮರವೆಲ್ಲ ಲಾಭದ ಮರವಲ್ಲ. ನಮ್ಮ ರಾಗಿಯನ್ನು ನೋಡಿ. ಎಳೆಯ ಪೈರಿಗೆ ಎರಡು ಮೂರು ವಾರ ಮಳೆ ಕೈಕೊಟ್ಟರೆ ಅದು ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ, ಮಳೆ ಬಿದ್ದರೆ ಮತ್ತೆ ತೆಂಡೆ ಒಡೆಯುತ್ತದೆ. ಹೊಗೆಸೊಪ್ಪೂ ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಇವು ಕೆಲವೇ ತಿಂಗಳ ಬೆಳೆಗಳು. ಕೆಟ್ಟರೆ ಒಂದು ವರ್ಷದ ನಷ್ಟ.

ಅಡಿಕೆಯ ಸಂಗತಿ ಹಾಗಲ್ಲ. ಅದಕ್ಕೆ ತಾಯಿಬೇರು ಇಲ್ಲ. ಬುಡದಿಂದ ಹೊರಟ ನಾರುಬೇರುಗಳಲ್ಲಿ ಹೆಚ್ಚಿನವು ಒಂದು ಮೀಟರ್ ದೂರದೊಳಗೇ, ಮೇಲುಮಣ್ಣಿನಲ್ಲೇ ಇರುತ್ತವೆ. ಕೆಳಗೆ ತೇವವಿದ್ದರೂ ಅದಕ್ಕೆ ಕೈ ಎಟುಕದು. ಕಾಂಡ ಒಮ್ಮೆ ಸೊರಗಿದರೆ ಮತ್ತೆ ದಪ್ಪವಾಗುವುದಿಲ್ಲ. ಚಿಗುರುವುದಕ್ಕೆ ಇರುವುದು ತುದಿಯ ಒಂದೇ ಸುಳಿ. ನಂಬಿಕೆಯಿಲ್ಲದವರು ಹಳೆಯ ತೋಟದಲ್ಲಿ ಮರದ ಗೆಣ್ಣುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತ ಹೋಗಲಿ. ನೀರು ಸಾಲದ ವರ್ಷಗಳಲ್ಲಿ ಗೆಣ್ಣುಗಳು ಒತ್ತೊತ್ತಾಗಿ, ಕಾಂಡ ಸಣ್ಣಗಾಗಿ ನಿಂತಿರುತ್ತದೆ. ಕಂದಾಯ ಇಲಾಖೆಯ ದಾಖಲೆಗಿಂತ ಚೆನ್ನಾಗಿ ಅದು ಬರದ ಲೆಕ್ಕ ಇಟ್ಟಿರುತ್ತದೆ. ಹೊಂಬಾಳೆಯೂ ಎಲೆಯ ಬುಡದೊಳಗೆ ಬಹಳ ಮೊದಲೇ ರೂಪುಗೊಳ್ಳುವುದರಿಂದ ಈ ಬೇಸಿಗೆಯ ಪೆಟ್ಟು ಈ ವರ್ಷಕ್ಕೇ ಮುಗಿಯುವುದಿಲ್ಲ. ಬರಕ್ಕೆ ಸಿಕ್ಕ ಮರ ಮೊದಲಿನ ಫಸಲಿಗೆ ಬರಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಇನ್ನೊಂದು ಬರ ಬಂದರೆ?

ತಳಿಯ ವಿಷಯವನ್ನೂ ಹೇಳಿಬಿಡಬೇಕು. ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಹೊರಬಂದ ಮಂಗಳ, ಆಮೇಲೆ ಬಂದ ಸುಮಂಗಳ, ಶ್ರೀಮಂಗಳ, ಮೋಹಿತನಗರ ಇವೆಲ್ಲ ಒಳ್ಳೆಯ ತಳಿಗಳು. ಆದರೆ ಇವಕ್ಕೆ ಹೆಸರು ಬಂದದ್ದು ಇಳುವರಿಯಿಂದ. ಇವುಗಳಲ್ಲಿ ಯಾವುದನ್ನು ನೆಟ್ಟರೂ ನೀರಿಲ್ಲದೆ ನಡೆಯುತ್ತದೆಂದು ಯಾರಾದರೂ ಮಾರುತ್ತಿದ್ದರೆ ಅವರಿಗೆ ದೂರದಿಂದಲೇ ನಮಸ್ಕಾರ ಮಾಡಿ.

ಕಾಫಿಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ರೋಬಸ್ಟಾ ಎಂಬ ಹೆಸರಿಗೆ ಗಟ್ಟಿಮುಟ್ಟು ಎಂದು ಅರ್ಥ. ಆದ್ದರಿಂದ ಅದು ಬರಕ್ಕೂ ಗಟ್ಟಿಯೆಂದು ತಿಳಿದು ಅಡಿಕೆ ಸಾಲಿನ ನಡುವೆ ನೆಟ್ಟು ನಿಶ್ಚಿಂತರಾಗಿರುವವರಿದ್ದಾರೆ. ರೋಬಸ್ಟಾ ಗಟ್ಟಿಯಾಗಿರುವುದು ಎಲೆ ತುಕ್ಕು ರೋಗಕ್ಕೆ, ಬಿಳಿ ಕಾಂಡಕೊರಕಕ್ಕೆ. ಬೇರಿನಲ್ಲಿ ಅದು ಅರೇಬಿಕಾಗಿಂತ ಮೇಲುಮೇಲಿನ ಗಿಡ, ಆದ್ದರಿಂದ ಉದ್ದನೆಯ ಒಣಹವೆಯಲ್ಲಿ ಬೇಗ ಸೋಲುತ್ತದೆ. ಆದರೂ ಕಾಫಿಗೆ ಅಡಿಕೆಗಿಲ್ಲದ ಒಂದು ಗುಣ ಉಂಟು. ಅದಕ್ಕೆ ಸ್ವಲ್ಪ ಕಾಲದ ಬಾಯಾರಿಕೆ ಬೇಕೇ ಬೇಕು. ಮಳೆಗಾಲ ಕಳೆದ ಮೇಲೆ ರೂಪುಗೊಂಡ ಮೊಗ್ಗು ಒಣಹವೆಯಲ್ಲಿ ನಿದ್ದೆ ಹೋಗುತ್ತದೆ. ಆಮೇಲೆ ಬಿದ್ದ ಹೂಮಳೆ, ಅಥವಾ ನಾವು ತುಂತುರು ನೀರಾವರಿಯಲ್ಲಿ ಕೊಟ್ಟ ಒಂದೂವರೆ ಇಂಚು ನೀರು, ಅದನ್ನು ಎಬ್ಬಿಸುತ್ತದೆ. ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಒಂದೇ ಸಲ ಬೆಳ್ಳಗಾಗುತ್ತದೆ. ಬ್ರೆಜಿಲ್ ದೇಶದ ಸೆರಾಡೊ ಬಯಲಿನಲ್ಲಿ ನೀರಾವರಿ ಇರುವ ಕಾಫಿ ತೋಟಗಳಲ್ಲೂ ಹೂ ಒಟ್ಟಿಗೆ ಬರಲೆಂದು ಸುಮಾರು 70 ದಿನ ಬೇಕೆಂದೇ ನೀರು ನಿಲ್ಲಿಸುವ ಪದ್ಧತಿ ಇದೆ. ನಮ್ಮಲ್ಲಿ ಅಡಿಕೆಗೆ ಬಿಟ್ಟ ನೀರು ಡಿಸೆಂಬರಿನಿಂದಲೇ ಕಾಫಿಯ ಬುಡಕ್ಕೂ ಹರಿದು, ಹೂ ಹತ್ತು ಕಂತಿನಲ್ಲಿ ಬಂದು, ಹಣ್ಣು ಕೊಯ್ಯಲು ಹತ್ತು ಸಲ ಆಳು ಕರೆಯಬೇಕಾಗುತ್ತದೆ. ಒಂದು ಗಿಡ ಸಹಿಸಲಾರದ ಬಾಯಾರಿಕೆಯೇ ಪಕ್ಕದ ಗಿಡಕ್ಕೆ ಔಷಧ. ಎರಡನ್ನೂ ಒಂದೇ ಪೈಪಿನಲ್ಲಿ ಕಟ್ಟಿಹಾಕಿದರೆ ಇಬ್ಬರಿಗೂ ಅನ್ಯಾಯ. ಹನಿ ನೀರಿನ ಸಾಲನ್ನು ಅಡಿಕೆಯ ಬುಡಕ್ಕೆ ಸೀಮಿತಗೊಳಿಸಿ, ಕಾಫಿಗೆ ಬೇರೆ ಗೇಟ್‌ವಾಲ್ವ್ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಇನ್ನು ಉಪ್ಪು. ಕೊಳವೆಬಾವಿ ಆಳಕ್ಕೆ ಇಳಿದಂತೆ ಅನೇಕ ಕಡೆ ನೀರು ಗಡುಸಾಗುತ್ತದೆ. ಹನಿ ಪೈಪಿನ ಬಾಯಲ್ಲಿ ಬೆಳ್ಳಗೆ ಕಟ್ಟುವ ಹೊಕ್ಕನ್ನು ಕಂಡವರಿಗೆ ವಿವರಿಸಬೇಕಿಲ್ಲ. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಮಣ್ಣು ಒದ್ದೆಯಾಗಿದ್ದರೂ ಬೇರು ನೀರು ಹೀರಲಾರದು. ಎದುರಿಗೆ ನೀರಿದ್ದೂ ಬಾಯಾರಿಕೆ. ಆಮೇಲೆ ಒಳಗೆ ಹೋದ ಸೋಡಿಯಂ, ಕ್ಲೋರೈಡುಗಳು ಹಳೆಯ ಎಲೆಗಳ ತುದಿಯಲ್ಲಿ ಶೇಖರವಾಗಿ ಅಂಚು ಸುಟ್ಟಂತೆ ಒಣಗುತ್ತದೆ. ಅದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಅದೇ ನೀರು ಬಿಡುವವರೂ ಇದ್ದಾರೆ!

ಈ ಕ್ಲೋರೈಡಿನ ಪಾಠ ನಮ್ಮ ತಾಲ್ಲೂಕಿಗೆ ಹೊಸದಲ್ಲ. ಹೊಗೆಸೊಪ್ಪಿಗೆ ಎಂ.ಓ.ಪಿ. ಪೊಟ್ಯಾಶ್ ಹಾಕಬಾರದು, ಎಸ್.ಓ.ಪಿ.ಯನ್ನೇ ಹಾಕಬೇಕೆಂದು ಪಿರಿಯಾಪಟ್ಟಣ, ಹುಣಸೂರಿನ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಎಂ.ಓ.ಪಿ.ಯಲ್ಲಿ ತೂಕದ ಅರ್ಧದಷ್ಟು ಕ್ಲೋರೈಡ್ ಇರುತ್ತದೆ, ಅದು ಸೊಪ್ಪಿಗೆ ಏರಿದರೆ ಎಲೆ ಸರಿಯಾಗಿ ಉರಿಯುವುದಿಲ್ಲ, ಹರಾಜಿನಲ್ಲಿ ದರ ಬೀಳುತ್ತದೆ. ಹೊಗೆಸೊಪ್ಪಿಗೆ ಇಷ್ಟು ಜಾಗ್ರತೆ ವಹಿಸುವ ಅದೇ ರೈತ ಮೂವತ್ತು ನಲವತ್ತು ವರ್ಷ ನಿಲ್ಲಬೇಕಾದ ಅಡಿಕೆಗೆ ಯಾವ ನೀರನ್ನಾದರೂ ಹರಿಸುತ್ತಾನೆ. ಕೇಳಿದರೆ, "ತೆಂಗಿನ ಬುಡಕ್ಕೆ ಉಪ್ಪು ಹಾಕೋಲ್ವೆ?" ಎನ್ನುತ್ತಾನೆ. ತೆಂಗು ಕಡಲತೀರದ ಮರ, ಕ್ಲೋರೈಡು ಅದಕ್ಕೆ ಹಿತ. ಅಡಿಕೆ ನೆರಳು, ತಂಪು, ಸಿಹಿನೀರಿನ ಕಣಿವೆಯ ಮರ. ಇಬ್ಬರೂ ನೋಡಲು ದಾಯಾದಿಗಳಂತಿದ್ದರೂ ಊಟ ಬೇರೆ.

ಉಪ್ಪನ್ನು ಗೆದ್ದ ಬೆಳೆ ನಮ್ಮ ರಾಜ್ಯದಲ್ಲೇ ಇಲ್ಲವೆಂದಲ್ಲ. ಉತ್ತರ ಕನ್ನಡದ ಕುಮಟಾ ಬಳಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆ. ಭರತದ ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವನ್ನು ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. ಉಪ್ಪು ತಡೆಯುವ ಗಿಡಗಳು ಕೆಲವು ಅದನ್ನು ಬೇರಿನಲ್ಲೇ ತಡೆಹಿಡಿಯುತ್ತವೆ, ಕೆಲವು ಒಳಗೆ ಬಂದದ್ದನ್ನು ಜೀವಕೋಶದ ಒಂದು ಮೂಲೆಯ ಸಂಚಿಯಲ್ಲಿ ಕೂಡಿಹಾಕಿ ಉಳಿದ ಭಾಗವನ್ನು ಕಾಪಾಡಿಕೊಳ್ಳುತ್ತವೆ. ಆದರೆ ಕಗ್ಗದ ರೈತ ಎತ್ತರದ ಇಳುವರಿಯನ್ನು ಎಂದೂ ನಿರೀಕ್ಷಿಸಲಿಲ್ಲ. ಆ ಗಿಡ ತನ್ನ ಶಕ್ತಿಯ ಒಂದು ಪಾಲನ್ನು ಉಪ್ಪಿನ ಕಾವಲಿಗೇ ಕೊಡಬೇಕು. ಇತ್ತ ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ನಾಲೆ ಬಂದ ಮೇಲೆ ನೀರು ಬಸಿಯದ ತಗ್ಗು ಜಮೀನುಗಳು ಚೌಳಾದದ್ದನ್ನು ನೋಡಿದರೆ, ನೀರು ಬಂದ ಮಾತ್ರಕ್ಕೆ ಬಡತನ ಹೋಗದೆಂಬುದು ತಿಳಿಯುತ್ತದೆ.

"ಅಡಿಕೆ ಹಾಕಬೇಡಿ ಎನ್ನಲು ನೀವ್ಯಾರು? ಹೊಗೆಸೊಪ್ಪಿನಲ್ಲಿ ಸೌದೆ, ಆಳು, ಬ್ಯಾರನ್ ಎಂದು ಸತ್ತದ್ದು ಸಾಲದೇ?" ಎಂದು ಸದಸ್ಯರು ಕೇಳಬಹುದು. ಕೇಳುವ ಹಕ್ಕು ಅವರಿಗಿದೆ. ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಎರಡೆಕರೆ ಹಾಕಿ ಅರ್ಧ ಒಣಗಿಸುವ ಬದಲು ಒಂದೆಕರೆ ಹಾಕಿ ಪೂರ್ತಿ ಉಳಿಸಿಕೊಳ್ಳಿ ಎನ್ನುತ್ತೇನೆ. ಹಾರಂಗಿ ನಾಲೆ ಇರುವ ಕಡೆಯೂ ನೀರು ಬರುವುದು ಭತ್ತದ ಕಾಲಕ್ಕೆ, ಏಪ್ರಿಲ್‌ನಲ್ಲಿ ಅಲ್ಲ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದು ಶಿಫಾರಸು. ಕರಾವಳಿಗಿಂತ ನಮ್ಮ ಗಾಳಿ ಒಣ, ಆದ್ದರಿಂದ 20ಕ್ಕಿಂತ ಕಡಿಮೆ ಹಿಡಿಯಬಾರದು. ಎಕರೆಗೆ ದಿನಕ್ಕೆ 11,000 ಲೀಟರ್ ಆಯಿತು. ಪಾತಿಗೆ ಹರಿಸುವವರಾದರೆ ಒಂದು ಸರದಿಗೆ ಮರಕ್ಕೆ 175 ಲೀಟರ್, ಬಿರುಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ. ಆ ಲೆಕ್ಕ ನೀವೇ ಹಾಕಿ ನೋಡಿ, ಎದೆ ಝಲ್ ಎನ್ನುತ್ತದೆ.

ಈಗಾಗಲೇ ನೆಟ್ಟವರು ಬುಡಕ್ಕೆ ಸೋಗೆ, ಸಿಪ್ಪೆ, ಕಳೆಸೊಪ್ಪು ದಪ್ಪವಾಗಿ ಹೊದಿಸಲಿ. ಹೊಸ ಸಾಲುಗಳನ್ನು ದಕ್ಷಿಣೋತ್ತರಕ್ಕಿಂತ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿದರೆ ಇಳಿಹೊತ್ತಿನ ಬಿಸಿಲಿಗೆ ಕಾಂಡ ಸುಡುವುದು ಕಡಿಮೆಯಾಗುತ್ತದೆ. ಪೊಟ್ಯಾಶ್ ತಪ್ಪಿಸಬೇಡಿ, ಎಲೆಯ ಬಾಗಿಲು ತೆರೆದು ಮುಚ್ಚುವ ಕೀಲು ಅದೇ. ನೀರು ಉಪ್ಪಾಗಿದ್ದರೆ ಮಾತ್ರ ಅದನ್ನು ಎಸ್.ಓ.ಪಿ. ರೂಪದಲ್ಲಿ ಕೊಡಿ.

ನೀರಿನ ಪರೀಕ್ಷೆ ಕಷ್ಟದ್ದಲ್ಲ. ಶುದ್ಧವಾದ ಒಂದು ಲೀಟರ್ ಬಾಟಲಿಯಲ್ಲಿ, ಮೋಟಾರು ಅರ್ಧ ಗಂಟೆ ಓಡಿದ ಮೇಲೆ ನೀರು ಹಿಡಿದು ಪರೀಕ್ಷೆಗೆ ಕಳಿಸಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಬಹುದು. ವರದಿಯಲ್ಲಿ ವಿದ್ಯುತ್ ವಾಹಕತೆ ಎಂಬ ಸಾಲನ್ನು ನೋಡಿ. 0.75ರ ಒಳಗಿದ್ದರೆ ಚಿಂತೆಯಿಲ್ಲ, 2.25 ದಾಟಿದ್ದರೆ ಅಡಿಕೆಯ ಆಸೆ ಬಿಡಿ. ಪ್ರಮಾಣ ಅಳೆಯಲು 200 ಲೀಟರಿನ ಡ್ರಮ್ಮು, ಕೈಗಡಿಯಾರ ಸಾಕು. ಡ್ರಮ್ಮು ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್, ಐದು ಗಂಟೆ ಮೂರು ಫೇಸ್ ಸಿಕ್ಕರೆ 15,000. ದನಕರು, ಮನೆ, ನಾಲ್ಕು ತೆಂಗು, ಕಾಫಿಯ ಹೂನೀರು ಕಳೆದರೆ ಉಳಿಯುವುದು ಒಂದೆಕರೆ ಅಡಿಕೆಗೆ. ಅಳತೆಯನ್ನು ನವೆಂಬರಿನಲ್ಲಿ ಮಾಡಿ ತರಬೇಡಿ. ಯುಗಾದಿ ಕಳೆದ ಮೇಲೆ ಮಾಡಿ.