ಕಾಫಿಯ ಬೀಜವೂ ಬೀಸುವ ಕಲ್ಲೂ

ಮನೆಯಲ್ಲಿಯೇ ಎಸ್ಪ್ರೆಸೊ ಕಾಫಿ ತಯಾರಿಸಬೇಕೆಂಬ ಹಂಬಲವು ಈಚೆಗೆ ನಮ್ಮ ತರುಣರಲ್ಲಿ ಬಲವಾಗಿ ತಲೆಯೆತ್ತಿದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಅಣ್ಣನೋ ಅಕ್ಕನೋ ರಜೆಗೆ ಊರಿಗೆ ಬಂದಾಗ ಅಲ್ಲಿನ ಕಾಫಿಯಂಗಡಿಗಳ ವರ್ಣನೆ ಮಾಡುತ್ತಾರೆ. ಕೇಳಿದವರು ಮರುದಿನವೇ ಯಂತ್ರದ ಬೆಲೆಯನ್ನು ವಿಚಾರಿಸತೊಡಗುತ್ತಾರೆ. ಮೊದಲ ತಿಂಗಳ ಸಂಬಳದಲ್ಲಿ ಇಂಥದೊಂದು ಯಂತ್ರವನ್ನು ಕೊಂಡೇ ತೀರುವೆವೆಂದು ಪಣ ತೊಟ್ಟವರು ನಮ್ಮ ತರಗತಿಯಲ್ಲಿಯೇ ಇಬ್ಬರಿದ್ದಾರೆ. ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಆದರೆ ಎಲ್ಲರೂ ಯಂತ್ರದ ಮಾತನ್ನೇ ಆಡುತ್ತಾರೆಯೇ ಹೊರತು ಬೀಜದ ಮಾತನ್ನಾಗಲಿ, ಆ ಬೀಜವನ್ನು ಬೀಸುವ ಮಾತನ್ನಾಗಲಿ ಯಾರೂ ಎತ್ತುವುದಿಲ್ಲ. ಕೈಯಲ್ಲಿರುವ ಹಣ ಸ್ವಲ್ಪವೇ ಆಗಿದ್ದರೆ ಅದರ ಮೊದಲ ಪಾಲು ಬೀಜಕ್ಕೆ, ಎರಡನೆಯ ಪಾಲು ಬೀಸುವ ಸಾಧನಕ್ಕೆ, ಏನಾದರೂ ಉಳಿದರೆ ಮಾತ್ರ ಯಂತ್ರಕ್ಕೆ ಸಲ್ಲತಕ್ಕದ್ದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದಕ್ಕೂ ಮುಂಚೆ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. “ರಾಗಿ, ಜೋಳ, ಶೇಂಗಾ ಬೆಳೆಯುವ ಬಯಲುಸೀಮೆಯವರಿಗೆ ಕಾಫಿಯ ಗೊಡವೆ ಏಕೆ? ಅದು ಮಲೆನಾಡಿನವರ ಬೆಳೆ, ಪಟ್ಟಣಿಗರ ಪಾನೀಯ” ಎನ್ನುವವರುಂಟು. ಇಂಥವರು ಒಮ್ಮೆ ಹಿರಿಯೂರಿನ ಬಳಿಯ ಮಾರಿಕಣಿವೆಗೆ ಹೋಗಿ ನಿಲ್ಲಬೇಕು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರದಲ್ಲಿ ನಿಂತಿರುವುದು ವೇದಾವತಿಯ ನೀರು. ಈ ನದಿ ಹುಟ್ಟುವುದೆಲ್ಲಿ? ವೇದಾ, ಆವತಿ ಎಂಬ ಎರಡು ಹೊಳೆಗಳಾಗಿ ಬಾಬಾಬುಡನ್‌ಗಿರಿಯ ಸಾಲಿನಲ್ಲಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ನೆಟ್ಟರೆಂದು ಐತಿಹ್ಯ ಹೇಳುವುದು ಅದೇ ಗಿರಿಯ ವಿಷಯವಾಗಿ. ಅಲ್ಲಿ ಮಳೆಯಾದರೆ ಹೊಸದುರ್ಗದ ಸೀಮೆಯನ್ನು ಹಾಯ್ದು ನೀರು ಇಲ್ಲಿಗೆ ಬರುತ್ತದೆ. 1933ರ ತರುವಾಯ 2022ರಲ್ಲಿ ಈ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಜಾತ್ರೆಯಂತೆ ನೋಡಲು ಹೊರಟಿತ್ತು. ಚಿತ್ರದುರ್ಗದ ನಲ್ಲಿಗಳಲ್ಲಿಯೂ ಈ ನೀರು ಬರುತ್ತದೆ. ಗಿರಿಯ ನೀರನ್ನು ಕುಡಿಯಲು ಇರುವ ಅಧಿಕಾರ ಗಿರಿಯ ಬೀಜವನ್ನು ಕುಡಿಯಲು ಇಲ್ಲವೆಂದರೆ ಹೇಗೆ?

ಎಸ್ಪ್ರೆಸೊ ಎಂಬ ಹೆಸರೂ ನಮಗೆ ಹೊಸದೇನಲ್ಲ. ಹೊಳಲ್ಕೆರೆಯ ಕಡೆಯ ದೊಡ್ಡ ಮದುವೆಗಳಲ್ಲಿ ಚಪ್ಪರದ ಮೂಲೆಯೊಂದರಲ್ಲಿ ಯಂತ್ರ ಬುಸುಗುಟ್ಟುತ್ತಿರುತ್ತದೆ. ದಿಢೀರ್ ಕಾಫಿಪುಡಿ, ಸಕ್ಕರೆ, ಹಾಲು ಇವುಗಳಿಗೆ ಹಬೆ ಹಾಯಿಸಿ, ನೊರೆಯೆಬ್ಬಿಸಿ, ಮೇಲೆ ಚಿಟಿಕೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಾರೆ. ಜನ ಅದನ್ನು ‘ಎಕ್ಸ್‌ಪ್ರೆಸ್ ಕಾಫಿ’ ಎನ್ನುತ್ತಾರೆ. ಅದು ರುಚಿಯಿಲ್ಲವೆಂದು ನಾನು ಹೇಳಲಾರೆ. ಎರಡೆರಡು ಲೋಟ ಕುಡಿದಿದ್ದೇನೆ. ಆದರೆ ಇಟಲಿಯವರ ಎಸ್ಪ್ರೆಸೊ ಬೇರೆಯೇ ವಸ್ತು. 1884ರಲ್ಲಿ ಟ್ಯೂರಿನ್ ನಗರದ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಬೆಜ್ಜೆರಾ ಇವರು ಹಬೆಯ ಬಲದಿಂದ ಬೇಗ ಕಾಫಿ ಇಳಿಸುವ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಎರಡನೆಯ ಮಹಾಯುದ್ಧದ ತರುವಾಯ ಗಾಜಿಯಾ ಎಂಬವನು ಸನ್ನೆಕೋಲಿನ ಯಂತ್ರವನ್ನು ತಂದಮೇಲೆ ಒತ್ತಡ ಬಹಳ ಹೆಚ್ಚಿ, ಲೋಟದ ಮೇಲೆ ಹೊಂಬಣ್ಣದ ಕೆನೆಯಂಥ ನೊರೆ ಕಾಣಿಸಿಕೊಂಡಿತು. ಇಂದಿನ ಲೆಕ್ಕ ಸುಮಾರಾಗಿ ಹೀಗಿದೆ: 18 ಗ್ರಾಂ ಪುಡಿ, ವಾಯುಮಂಡಲದ ಒತ್ತಡದ ಒಂಬತ್ತರಷ್ಟು ಒತ್ತಡ, 90 ಡಿಗ್ರಿಗಿಂತ ತುಸು ಹೆಚ್ಚು ಬಿಸಿಯ ನೀರು, 25ರಿಂದ 30 ಸೆಕೆಂಡುಗಳ ಕಾಲ, ಇಳಿಯುವ ಕಷಾಯ 36 ಗ್ರಾಂ.

ಈ 25 ಸೆಕೆಂಡುಗಳಲ್ಲಿಯೇ ಇರುವುದು ಎಲ್ಲ ರಹಸ್ಯ. ಪುಡಿ ತರಿಯಾದರೆ ನೀರು ಸರ್ರನೆ ಹರಿದುಹೋಗಿ ಕಾಫಿ ಹುಳಿಯಾಗುತ್ತದೆ, ತೆಳ್ಳಗಾಗುತ್ತದೆ. ಪುಡಿ ಅತಿ ನುಣುಪಾದರೆ ನೀರು ಇಳಿಯಲಾರದೆ ತೊಟ್ಟಿಕ್ಕಿ ಕಹಿಯಾಗುತ್ತದೆ. ಇವೆರಡಕ್ಕಿಂತಲೂ ಕೆಟ್ಟದ್ದು ತರಿಯೂ ಹಿಟ್ಟೂ ಬೆರೆತ ಪುಡಿ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಯ ಏರಿ ಎಷ್ಟೇ ಭದ್ರವಾಗಿರಲಿ, ಒಂದು ಕಡೆ ಇಲಿಬಿಲದಷ್ಟು ಸಡಿಲು ಸಿಕ್ಕರೆ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಒತ್ತಡದ ನೀರೂ ಹಾಗೆಯೇ. ಪುಡಿಯಲ್ಲಿ ಸಡಿಲಾದ ಜಾಗವನ್ನು ಹುಡುಕಿಕೊಂಡು ಅಲ್ಲಿಂದಲೇ ಹೊರಟುಹೋಗುತ್ತದೆ. ಉಳಿದ ಪುಡಿ ಒದ್ದೆಯಾಗಿದ್ದೇ ಬಂತು. ಯಂತ್ರಕ್ಕೆ ಲಕ್ಷ ರೂಪಾಯಿ ಕೊಟ್ಟಿದ್ದರೂ ಈ ದೋಷವನ್ನು ಅದು ಸರಿಪಡಿಸಲಾರದು.

ಆದುದರಿಂದ ಬೀಸುವ ಸಾಧನವನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ಇದು ಕತ್ತರಿಸುತ್ತದೆಯೋ, ಬೀಸುತ್ತದೆಯೋ? ಅಡುಗೆಮನೆಯ ಮಿಕ್ಸಿಯ ಚಟ್ನಿ ಜಾರು ಕತ್ತರಿಸುವ ಜಾತಿಯದು. ಅಲಗು ಗಿರಗಿರನೆ ತಿರುಗಿ ಸಿಕ್ಕಿದ್ದನ್ನು ಸಿಕ್ಕಹಾಗೆ ಚೂರು ಮಾಡುತ್ತದೆ, ಪುಡಿ ಬಿಸಿಯಾಗುತ್ತದೆ, ಮೇಲಾಗಿ ನಿನ್ನೆಯ ಬೆಳ್ಳುಳ್ಳಿಯ ವಾಸನೆ ಇಂದಿನ ಕಾಫಿಗೆ ಬರುತ್ತದೆ. ಬೀಸುವ ಜಾತಿಯದರಲ್ಲಿ ಹಲ್ಲುಗಳುಳ್ಳ ಎರಡು ಉಕ್ಕಿನ ಭಾಗಗಳಿದ್ದು, ಅವುಗಳ ನಡುವಣ ಸಂದಿನಷ್ಟು ಸಣ್ಣದಾದ ಮೇಲೆಯೇ ಕಾಳು ಕೆಳಕ್ಕೆ ಬೀಳುತ್ತದೆ. ಸಂದನ್ನು ಹಿಗ್ಗಿಸಿ ಕುಗ್ಗಿಸಲು ತಿರುಪು ಇರುತ್ತದೆ. ಇದು ನಮ್ಮ ಅಜ್ಜಿಯರ ರಾಗಿಕಲ್ಲಿನ ತತ್ತ್ವವಲ್ಲದೆ ಮತ್ತೇನು? ಅಡಿಗಲ್ಲು, ಮೇಗಲ್ಲು, ನಡುವೆ ಗೂಟ, ಬಾಯಿಗೆ ಹಿಡಿ ಕಾಳು. ಕಲ್ಲು ಸವೆದು ಹಿಟ್ಟು ತರಿಯಾದಾಗ ಊರಿಗೆ ಬಂದ ಕಲ್ಲುಕುಟಿಗರಿಂದ ಉಳಿಯಲ್ಲಿ ಹಲ್ಲು ಹೊಡೆಸುತ್ತಿದ್ದರು. ಇನ್ನೂ ದೊಡ್ಡ ಉದಾಹರಣೆ ಬೇಕಾದರೆ ನಮ್ಮ ಕೋಟೆಯೊಳಗೆ ಹೋಗಿ ಮದ್ದು ಬೀಸುವ ಕಲ್ಲುಗಳನ್ನು ನೋಡಬಹುದು. ಕೋವಿಮದ್ದಿಗೂ ಒಂದೇ ಸಮನಾದ ನುಣುಪು ಬೇಕೆಂಬುದು ಪಾಳೆಯಗಾರರಿಗೆ ತಿಳಿದಿತ್ತು. (ಓಬವ್ವನ ಊರಿನವರಾದ ನಾವು ಒನಕೆಯಿಂದ ಕುಟ್ಟಿದರೇನೆಂದು ಗೆಳೆಯನೊಬ್ಬ ಕೇಳಿದ. ಒನಕೆಯ ಉಪಯೋಗಗಳು ಬೇರೆ ಇವೆ.)

ಬೀಸುವ ಸಾಧನಗಳಲ್ಲಿ ಕೈಯಿಂದ ತಿರುಗಿಸುವುದು, ವಿದ್ಯುತ್ತಿನದು ಎಂದು ಎರಡು ಬಗೆ. ನನ್ನ ಮತ ನಿಸ್ಸಂದೇಹವಾಗಿ ಕೈಯದಕ್ಕೆ. ಅದೇ ಹಣಕ್ಕೆ ಕೈಯದರಲ್ಲಿ ಒಳ್ಳೆಯ ಉಕ್ಕು ಸಿಗುತ್ತದೆ, ಏಕೆಂದರೆ ಮೋಟಾರಿಗೆ ಕೊಡುವ ಹಣ ಹಲ್ಲಿಗೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಕರೆಂಟು ಇರುವ ನೆಚ್ಚಿಗೆಯೂ ಇಲ್ಲ. ಎಸ್ಪ್ರೆಸೊಗೆ ಬೇಕಾದ ನುಣುಪಿಗೆ 18 ಗ್ರಾಂ ಬೀಸಲು ಒಂದೆರಡು ನಿಮಿಷ ತೋಳು ನೋಯಬಹುದು. ದಿನಕ್ಕೆ ಎರಡು ಸೇರು ರಾಗಿ ಬೀಸಿ, ಅದರ ಮೇಲೆ ಹಾಡನ್ನೂ ಕಟ್ಟಿದ ಹೆಂಗಸರ ಮೊಮ್ಮಕ್ಕಳು ಇಷ್ಟಕ್ಕೆ ಗೊಣಗಿದರೆ ನಗೆಪಾಟಲು. ಕೊಳ್ಳುವಾಗ ನೋಡಬೇಕಾದದ್ದು ಹೊರಗಿನ ಬಣ್ಣವನ್ನಲ್ಲ. ನಡುವಿನ ದಂಡ ಅಲುಗಾಡುತ್ತದೆಯೇ, ತಿರುಪು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಸರಿಯುತ್ತದೆಯೇ ಎಂದು ಪರೀಕ್ಷಿಸಬೇಕು. ದಂಡ ಅಲುಗಿದರೆ ಅದು ಫಿಲ್ಟರ್ ಕಾಫಿಗೆ ಆದೀತು, ಎಸ್ಪ್ರೆಸೊಗೆ ಆಗದು.

ಇನ್ನು ಬೀಜದ ವಿಚಾರ. ಇದರಲ್ಲಿಯೇ ನಮ್ಮವರು ಹೆಚ್ಚು ಮೋಸಹೋಗುವುದು. ನಮ್ಮ ಕಡೆ ಕಿರಾಣಿ ಅಂಗಡಿಗಳಲ್ಲಿ ಕಾಫಿಪುಡಿ ಎಂದು ಮಾರುವುದರಲ್ಲಿ ಬಹುಪಾಲು ಚಿಕೋರಿ ಬೆರೆತದ್ದು. ಚಿಕೋರಿ ವಿಷವಲ್ಲ, ಅದೊಂದು ಗಿಡದ ಬೇರು, ಹುರಿದು ಪುಡಿಮಾಡಿದ್ದು. ಕಾಯಿದೆಯ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. ಅಂದರೆ ಹೆಚ್ಚುಕಡಮೆ ಅರ್ಧ ಬೇರನ್ನು ಕೊಂಡೂ ನಾವು ಕಾಫಿ ಕೊಂಡೆವೆಂದು ಸಂತೋಷಪಡಬಹುದು. 2024ರ ಕೊನೆಯಿಂದ 2025ರ ಆರಂಭದವರೆಗೆ ಲೋಕದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ವಿಪರೀತ ಏರಿದಾಗ ಆ ಸಣ್ಣ ಅಕ್ಷರಗಳನ್ನು ಓದುವ ಅಗತ್ಯ ಇನ್ನೂ ಹೆಚ್ಚಾಯಿತು. ಫಿಲ್ಟರ್ ಕಾಫಿಗೆ ನೂರಕ್ಕೆ ಹದಿನೈದು ಇಪ್ಪತ್ತು ಚಿಕೋರಿ ಇದ್ದರೆ ಡಿಕಾಕ್ಷನ್ ಗಟ್ಟಿಯಾಗುತ್ತದೆಂದು ಹಿರಿಯರು ಮೆಚ್ಚುತ್ತಾರೆ; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಸ್ಪ್ರೆಸೊಗೆ ಮಾತ್ರ ಒಂದು ಚಮಚೆಯೂ ಕೂಡದು. ಚಿಕೋರಿಯಲ್ಲಿ ನೀರಿಗೆ ಕರಗುವ ಅಂಶ ಹೆಚ್ಚು. ಒತ್ತಡದ ಯಂತ್ರದಲ್ಲಿ ಅದು ಅಂಟಾಗಿ ಜಾಲರಿಯನ್ನು ಕಟ್ಟಿಕೊಳ್ಳುತ್ತದೆ.

ಇಡೀ ಬೀಜವನ್ನೇ ಕೊಳ್ಳಬೇಕೆನ್ನುವುದಕ್ಕೆ ಇದೇ ದೊಡ್ಡ ಕಾರಣ. ಇಡೀ ಬೀಜದಲ್ಲಿ ಬೇರನ್ನು ಬೆರೆಸಲು ಬರುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಪುಡಿಯ ಪರಿಮಳ ಬೀಸಿದ ಕ್ಷಣದಿಂದಲೇ ಹಾರತೊಡಗುತ್ತದೆ. ಬೀಜದ ಪರಿಮಳ ವಾರಗಟ್ಟಲೆ ಉಳಿಯುತ್ತದೆ. ಆದಕಾರಣ ಪೊಟ್ಟಣದ ಮೇಲೆ ಹುರಿದ ದಿನಾಂಕವಿದೆಯೇ ಎಂದು ನೋಡಬೇಕು. ಅದಿಲ್ಲದೆ ‘ಇಷ್ಟು ತಿಂಗಳೊಳಗೆ ಉಪಯೋಗಿಸಿ’ ಎಂದಷ್ಟೇ ಇದ್ದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಬರಬಹುದು. ಹುರಿದ ಮರುದಿನವೇ ಆತುರಪಡಬೇಕಾಗಿಯೂ ಇಲ್ಲ. ಬೀಜದೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗಲು ಒಂದು ವಾರ ಬಿಟ್ಟರೆ ಒಳ್ಳೆಯದು.

ಅರೇಬಿಕವೋ ರೊಬಸ್ಟವೋ ಎಂಬ ಪ್ರಶ್ನೆಗೆ ದುಬಾರಿಯದೇ ಉತ್ತಮವೆಂದು ಉತ್ತರ ಹೇಳುವವರು ಬಹಳ. ಅರೇಬಿಕದಲ್ಲಿ ನಯವೂ ಹುಳಿಯೂ ಪರಿಮಳವೂ ಹೆಚ್ಚು. ರೊಬಸ್ಟದಲ್ಲಿ ಕೆಫೀನು ಹೆಚ್ಚುಕಡಮೆ ಎರಡರಷ್ಟು, ಕಹಿಯೂ ಹೆಚ್ಚು. ಆದರೆ ನೊರೆ ದಪ್ಪನಾಗಿ ಬರುತ್ತದೆ, ಹಾಲಿಗೆ ಹೆದರುವುದಿಲ್ಲ. ಇಟಲಿಯವರು ತಮ್ಮ ಅನೇಕ ಮಿಶ್ರಣಗಳಿಗೆ ರೊಬಸ್ಟವನ್ನು ಬೇಕೆಂದೇ ಸೇರಿಸುತ್ತಾರೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೂ ಇಟಲಿಯೇ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಮೂರನೆಯ ಎರಡು ಭಾಗದಷ್ಟು ಹಡಗು ಹತ್ತಿ ಹೋಗುತ್ತದೆ. ಕೊಡಗಿನ ಬೀಜ ಇಟಲಿಗೆ ಹೋಗಿ, ಡಬ್ಬಿಯಲ್ಲಿ ಕುಳಿತು, ಪರದೇಶದ ಹೆಸರು ಹೊತ್ತು ಬೆಂಗಳೂರಿನ ಅಂಗಡಿಗೆ ಮರಳಿದರೆ ನಾವು ನಾಲ್ಕರಷ್ಟು ಬೆಲೆ ಕೊಡಲು ಸಿದ್ಧರಿದ್ದೇವೆ. ಇದಕ್ಕಿಂತ ತಮಾಷೆ ಬೇಕೆ? ಹಾಲು ಹಾಕಿ ಕುಡಿಯುವ ನಮ್ಮ ಮನೆಗಳಿಗೆ ಚಿಕ್ಕಮಗಳೂರಿನ ತೊಳೆದ ಅರೇಬಿಕ ಮೂರು ಪಾಲು, ತೊಳೆದ ರೊಬಸ್ಟ ಒಂದು ಪಾಲು, ನಡುಹದಕ್ಕಿಂತ ತುಸು ಹೆಚ್ಚು ಹುರಿದದ್ದು ಎಂಬುದು ನನ್ನ ಆಯ್ಕೆ. ಪೀಬೆರಿ ಎಂಬ ಗುಂಡು ಬೀಜಕ್ಕೆ ಹೆಚ್ಚು ಹಣ ಕೊಡುವುದು ಅವರವರ ಇಷ್ಟ. ಹಣ್ಣಿನಲ್ಲಿ ಎರಡರ ಬದಲು ಒಂದೇ ಕಾಳು ಬೆಳೆದದ್ದೇ ಅದರ ವಿಶೇಷ.

ಹಿಂದೆ ಬೆಳೆಗಾರನಿಂದ ನೇರವಾಗಿ ಕೊಳ್ಳುವುದು ಸಾಧ್ಯವಿರಲಿಲ್ಲ. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಯೆಲ್ಲ ಕಾಫಿ ಬೋರ್ಡಿನ ಒಟ್ಟು ಸಂಗ್ರಹಕ್ಕೆ ಹೋಗುತ್ತಿತ್ತು. 1992ರಿಂದ ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಬೆಳೆಗಾರನಿಗೆ ಪೂರ್ಣ ಸ್ವಾತಂತ್ರ್ಯ ದೊರಕಿತು. ಇಂದು ತೋಟದವರೇ ಹುರಿದು ಅಂಚೆಯಲ್ಲಿ ಕಳಿಸಿಕೊಡುತ್ತಾರೆ; ಹೊಸದುರ್ಗದ ಹಳ್ಳಿಯ ವಿದ್ಯಾರ್ಥಿಗೂ ಬೆಂಗಳೂರಿನ ಸಾಹುಕಾರನಿಗೂ ಒಂದೇ ಬೀಜ, ಒಂದೇ ಬೆಲೆ.

ಈ ಸಮಾನತೆಯನ್ನು ನಾನು ಸಣ್ಣದೆಂದು ಎಣಿಸಲಾರೆ. ಕಾಫಿ ಬೀಜವನ್ನು ಮನೆಯಲ್ಲಿ ಹುರಿದು, ಮಣೆಗೆ ತಿರುಪು ಹಾಕಿ ಬಿಗಿದ ಕೈಯಂತ್ರದಲ್ಲಿ ಪುಡಿ ಮಾಡುವುದು ಹಳೆಯ ಮೈಸೂರಿನ ಅನುಕೂಲಸ್ಥರ ಮನೆಗಳಲ್ಲಿ ದಿನದ ಪರಿಪಾಠವಾಗಿತ್ತು. ನಮ್ಮಂಥವರ ಮನೆಯಲ್ಲಿ ಬೀಸುವ ಕಲ್ಲಿತ್ತು, ಕಾಫಿ ಇರಲಿಲ್ಲ. ನಮ್ಮಜ್ಜನಿಗೆ ಕಾಫಿ ಎಂದರೆ ಹೋಟೆಲಿನ ಹೊರಗೆ ನಿಂತು, ಬೇರೆ ಇಟ್ಟ ಲೋಟದಲ್ಲಿ, ಮೇಲಿನಿಂದ ಹೊಯ್ದದ್ದನ್ನು ಕುಡಿದು, ಲೋಟವನ್ನು ತಾನೇ ತೊಳೆದಿಡುವುದು. ಆ ಕಾಫಿಯಲ್ಲಿ ಚಿಕೋರಿ ಎಷ್ಟಿತ್ತೆಂದು ಕೇಳುವ ಧೈರ್ಯ ಯಾರಿಗಿತ್ತು? ಒಳ್ಳೆಯದು ಯಾವುದೆಂದು ಕೇಳುವುದೂ, ಹುರಿದ ದಿನಾಂಕ ತೋರಿಸೆನ್ನುವುದೂ ಶೋಕಿಯೆಂದು ಹೇಳುವ ಮಿತ್ರರು ಇದನ್ನು ನೆನೆಯಬೇಕು. ರುಚಿ ಕೆಲವರಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಉಳಿದವರು ಕೇಳಿ ಕೇಳಿಯೇ ಸಂಪಾದಿಸಬೇಕು.

ಯಂತ್ರದ ಮಾತನ್ನು ಕೊನೆಗಿಟ್ಟಿದ್ದೇನೆ. ಕಾಲು ಕಿಲೋ ಬೀಜ 18 ಗ್ರಾಮಿನಂತೆ ಹದಿಮೂರು ಬಾರಿಗೆ ಮುಗಿಯುತ್ತದೆ. ಹೊಸ ಬೀಜ ತಂದಾಗ ತಿರುಪಿನ ಹದ ಹಿಡಿಯುವುದಕ್ಕೇ ಅದರಲ್ಲಿ ಎರಡು ಮೂರು ಬಾರಿ ದಂಡವಾಗುತ್ತದೆ. ಅದೇ ಕಾಲು ಕಿಲೋ ಹಿತ್ತಾಳೆಯ ಫಿಲ್ಟರಿನಲ್ಲಿ ಇಪ್ಪತ್ತೈದು ಲೋಟಕ್ಕಾದರೂ ಬರುತ್ತದೆ. ಆದುದರಿಂದ ಸಂಬಳ ಇನ್ನೂ ಬಾರದವರು ಬೀಸುವ ಸಾಧನವನ್ನು ಕೊಂಡು, ಫಿಲ್ಟರಿನಿಂದಲೋ, ಒಲೆಯ ಮೇಲಿಡುವ ಇಟಲಿಯ ಮೋಕಾ ಪಾತ್ರೆಯಿಂದಲೋ ಆರಂಭಿಸಲಿ. ಮೋಕಾ ಪಾತ್ರೆ 1933ರಿಂದ ಬಳಕೆಯಲ್ಲಿರುವ ಸರಳ ವಸ್ತು. ಒತ್ತಡ ಕಡಿಮೆಯಾದ್ದರಿಂದ ನಿಜವಾದ ಎಸ್ಪ್ರೆಸೊ ಅಲ್ಲ, ಆದರೆ ಹಾಲು ಬೆರೆಸಿದ ಮೇಲೆ ವಾದ ಮಾಡುವವರು ಕಡಿಮೆ. ಮುಂದೆ ಯಂತ್ರ ಕೊಂಡಾಗಲೂ ಅದೇ ಬೀಸುವ ಸಾಧನ ಕೈಗೆ ಬರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಮಾತ್ರ ಯಂತ್ರಕ್ಕೆ ಹಾಕಬೇಡಿ, ಒಳಗೆ ಸುಣ್ಣ ಕಟ್ಟಿ ವರ್ಷದೊಳಗೆ ಕೆಡುತ್ತದೆ. ನಲ್ಲಿಯಲ್ಲಿ ಮಾರಿಕಣಿವೆಯ ನೀರು ಬರುವ ದಿನ ಎರಡು ಬಿಂದಿಗೆ ಹಿಡಿದು, ಸೋಸಿ, ಬೇರೆ ಇಟ್ಟುಕೊಳ್ಳಿ.