ಹೇಳುವವನೂ ಮಾರುವವನೂ ಒಬ್ಬನೇ ಆದಾಗ



ಬೆಳಗಾಗುತ್ತಲೇ ಕೊಟ್ಟಿಗೆಯ ಕೆಲಸಕ್ಕೂ ಮೊದಲು ಕೈ ಮೊಬೈಲಿನ ಕಡೆಗೆ ಹೋಗುವ ಕಾಲ ಬಂದಿದೆ. ಮಳೆಯ ಮುನ್ಸೂಚನೆ, ಪೇಟೆಯ ಧಾರಣೆ, ಬೆಳೆಯ ರೋಗಕ್ಕೆ ಔಷಧ, ಮನೆಗೆ ಬೇಕಾದ ಮಿಕ್ಸಿ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲವೂ ಅಂಗೈಯಗಲದ ಗಾಜಿನ ಮೇಲೆ ಬಂದು ನಿಲ್ಲುತ್ತವೆ. 2016ರಲ್ಲಿ ಮೂರು ಸಂಗತಿಗಳು ಒಟ್ಟಿಗೆ ಕೂಡಿಬಂದವು. ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟಿನ ದರ ಕುಸಿಯಿತು. ಅದೇ ವರ್ಷ ಯುಪಿಐ ಆರಂಭವಾಯಿತು. ನವೆಂಬರಿನಲ್ಲಿ ನೋಟು ರದ್ದಾಗಿ ಕೈಯಲ್ಲಿ ಕಾಸಿಲ್ಲದ ಜನ ಫೋನಿನಲ್ಲೇ ಹಣ ಕೊಡುವುದನ್ನು ಕಲಿತರು. ಅಂದಿನಿಂದ ಪತ್ರಿಕೆ, ರೇಡಿಯೋ, ಅಂಗಡಿ, ಬ್ಯಾಂಕು ನಾಲ್ಕೂ ಒಂದೇ ಜೇಬಿನಲ್ಲಿ ಇವೆ.

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ವಾದ ಮಾಡುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಬಂದದ್ದು ಹೋಗುವುದಿಲ್ಲ. ಆದರೆ ಒಂದು ಬದಲಾವಣೆಯನ್ನು ನಾವು ಸರಿಯಾಗಿ ಗಮನಿಸಿದಂತಿಲ್ಲ. ಹಿಂದೆ ನಮಗೆ ವಿಷಯ ಹೇಳುವವನು ಬೇರೆ, ಸರಕು ಮಾರುವವನು ಬೇರೆ. ಈಗ ಇಬ್ಬರೂ ಒಂದೇ ಗಾಜಿನ ಹಿಂದೆ ಕುಳಿತಿದ್ದಾರೆ. ಎಷ್ಟೋ ವೇಳೆ ಇಬ್ಬರೂ ಒಬ್ಬನೇ. ಅವರನ್ನು ಬೇರೆಬೇರೆಯಾಗಿ ಗುರುತಿಸುವ ಕೆಲಸ ಈಗ ನಮ್ಮ ಹೆಗಲಿಗೆ ಬಿದ್ದಿದೆ.

ಕೂಡಿ ಕೇಳುತ್ತಿದ್ದ ಕಾಲ

1956ರಲ್ಲಿ ಪುಣೆಯ ಆಕಾಶವಾಣಿ ಕೇಂದ್ರ ಯುನೆಸ್ಕೋ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಸುಮಾರು 150 ಹಳ್ಳಿಗಳಲ್ಲಿ ರೈತರ ಕೂಟಗಳನ್ನು ಕಟ್ಟಿ, ರೇಡಿಯೋ ಸುತ್ತ ಕೂರಿಸಿ ಕೃಷಿ ಕಾರ್ಯಕ್ರಮ ಕೇಳಿಸಿದರು. ಕೇಳಿದ ಮೇಲೆ ಚರ್ಚೆ. ಬಗೆಹರಿಯದ ಪ್ರಶ್ನೆ ಮರಳಿ ಕೇಂದ್ರಕ್ಕೆ ಹೋಗುತ್ತಿತ್ತು, ಉತ್ತರ ಮುಂದಿನ ಕಾರ್ಯಕ್ರಮದಲ್ಲಿ ಬರುತ್ತಿತ್ತು. ಕೇಳು, ಚರ್ಚಿಸು, ಮಾಡು ಎಂಬುದು ಆ ಕೂಟಗಳ ಸೂತ್ರ. 1959ರಿಂದ ಇದನ್ನು ದೇಶದ ಬೇರೆ ಕಡೆಗೂ ವಿಸ್ತರಿಸಿದರು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಟಿ.ವಿ. ತೋರಿಸುವ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದೇ ಪೆಟ್ಟಿಗೆ, ನೋಡುವವರು ಊರ ಜನರೆಲ್ಲ.

ಆ ಕಾಲದಲ್ಲಿ ಕೊರತೆಗಳು ಬೇಕಾದಷ್ಟಿದ್ದವು. ನಮಗೆ ಬೇಕಾದ ವಿಷಯ ಬೇಕಾದ ದಿನ ಬರುತ್ತಿರಲಿಲ್ಲ. ಆದರೆ ಒಂದು ಅನುಕೂಲವಿತ್ತು. ಹತ್ತು ಜನ ಕೂಡಿ ಕೇಳಿದ ಮಾತನ್ನು ಅಲ್ಲೇ ಒರೆಗೆ ಹಚ್ಚುತ್ತಿದ್ದರು. ‘ಅದು ಕಪ್ಪು ಮಣ್ಣಿಗೆ ಸರಿ, ನಮ್ಮ ಕೆಂಪು ಮಣ್ಣಿಗೆ ಆಗುವುದಿಲ್ಲ’ ಎಂದು ಹೇಳುವ ಹಿರಿಯನೊಬ್ಬ ಪಕ್ಕದಲ್ಲೇ ಇರುತ್ತಿದ್ದ. ಈಗ ಪ್ರತಿಯೊಬ್ಬನೂ ತನ್ನ ಫೋನನ್ನು ಒಬ್ಬನೇ ನೋಡುತ್ತಾನೆ, ಒಬ್ಬನೇ ತೀರ್ಮಾನಿಸುತ್ತಾನೆ, ಒಬ್ಬನೇ ಹಣ ಕಳಿಸುತ್ತಾನೆ.

ಫೋನಿನಿಂದಾದ ಉಪಕಾರ

ಉಪಕಾರವನ್ನು ಮರೆಯಬಾರದು. ನೆರೆಯ ಕೇರಳದ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಕರಾವಳಿಯಲ್ಲಿ 1997ರಿಂದ 2001ರವರೆಗೆ ಮೊಬೈಲ್ ಹರಡಿದಾಗ ಏನಾಯಿತೆಂದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಳೆದು 2007ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಬೂತಾಯಿ ಮೀನನ್ನು ಸಮುದ್ರಕ್ಕೆ ಚೆಲ್ಲುತ್ತಿದ್ದರು. ಕೆಲವೇ ಮೈಲಿ ದೂರದ ಇನ್ನೊಂದು ದಡದಲ್ಲಿ ಮೀನು ಸಿಗದೆ ಜನ ಬರಿಗೈಯಲ್ಲಿ ಹೋಗುತ್ತಿದ್ದರು. ಮೀನುಗಾರರು ದೋಣಿಯಿಂದಲೇ ಧಾರಣೆ ಕೇಳತೊಡಗಿದ ಮೇಲೆ ಚೆಲ್ಲುವುದು ನಿಂತಿತು. ಅವರ ಲಾಭ ಸುಮಾರು ಶೇ 8ರಷ್ಟು ಏರಿತು, ಕೊಳ್ಳುವವರಿಗೂ ಮೀನು ಸುಮಾರು ಶೇ 4ರಷ್ಟು ಅಗ್ಗವಾಯಿತು.

ನಮ್ಮ ಹೊಲಕ್ಕೂ ಉಪಕಾರವಾಗಿದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಕಂಡಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಈ ಹುಳು. ಇಂಥ ಗುರುತು ಕಾಣುವಂತೆ ಹತ್ತಿರದಿಂದ ಒಂದು ಚಿತ್ರ, ಇಡೀ ಗಿಡದ ಒಂದು ಚಿತ್ರ, ಎಲೆಯ ಅಡಿಭಾಗದ ಒಂದು ಚಿತ್ರ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿದರೆ ಸಲಹೆ ಕೇಳಲು ಬಸ್ಸು ಹತ್ತಬೇಕಾಗಿಲ್ಲ. 2020ರ ಲಾಕ್‌ಡೌನಿನಲ್ಲಿ ಪೇಟೆ ಮುಚ್ಚಿದಾಗ ಹಣ್ಣು ತರಕಾರಿಯನ್ನು ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ನೇರ ಮನೆಗಳಿಗೆ ಮಾರಿ ನಷ್ಟ ತಪ್ಪಿಸಿಕೊಂಡ ರೈತರೂ ನಮ್ಮಲ್ಲಿದ್ದಾರೆ.

ಔಷಧದ ವಿಡಿಯೋ

ಈಗ ಇನ್ನೊಂದು ಮುಖ ನೋಡೋಣ. ಅಡಿಕೆಗೆ ಎಲೆಚುಕ್ಕೆ ಬಂದಿದೆ ಎನ್ನಿ. ನೀವು ಒಂದು ವಿಡಿಯೋ ನೋಡಿದಿರಿ. ಮರುಕ್ಷಣವೇ ಅಂಥದೇ ಹತ್ತು ವಿಡಿಯೋ ಸಾಲುಗಟ್ಟುತ್ತವೆ. ಇದು ನಿಮ್ಮ ತೋಟದ ಮೇಲಿನ ಕಾಳಜಿಯಿಂದಲ್ಲ. ನೀವು ಹೆಚ್ಚು ಹೊತ್ತು ನೋಡಿದಷ್ಟೂ ಜಾಹೀರಾತು ಹೆಚ್ಚು ಓಡುತ್ತದೆ. ಆ ಹಣದಲ್ಲಿ ಒಂದು ಪಾಲು ವಿಡಿಯೋ ಮಾಡಿದವನಿಗೆ ಹೋಗುತ್ತದೆ. ‘ಒಂದೇ ಸಿಂಪಡಣೆಗೆ ರೋಗ ಮಾಯ’ ಎಂದವನ ವಿಡಿಯೋ ಓಡುತ್ತದೆ. ‘ರೋಗ ತಗುಲಿದ ಸೋಗೆ ಕಡಿದು ಸುಡಿ, ತೋಟದಲ್ಲಿ ಬಸಿಗಾಲುವೆ ಸರಿಪಡಿಸಿ, ಅಕ್ಕಪಕ್ಕದವರೂ ಒಟ್ಟಿಗೆ ಸಿಂಪಡಿಸಿ’ ಎಂದವನ ಮಾತು ನಿಜವಾದರೂ ಅಷ್ಟು ಓಡುವುದಿಲ್ಲ. ವಿಡಿಯೋದ ಕೊನೆಗೆ ಒಂದು ಫೋನ್ ನಂಬರು, ಒಂದು ಬಾಟಲಿ. ಅಲ್ಲಿಗೆ ಪಾಠ ಮುಗಿದು ವ್ಯಾಪಾರ ಶುರುವಾಯಿತು.

ಗೊಬ್ಬರದ ಅಂಗಡಿಯವನೂ ಹಿಂದಿನಿಂದ ಸಲಹೆ ಕೊಟ್ಟೇ ಮಾರುತ್ತಿದ್ದ, ಇದರಲ್ಲಿ ಹೊಸದೇನು ಎಂದು ನೀವು ಕೇಳಬಹುದು. ಮಾತು ನಿಜ. ಆದರೆ ಅವನು ಅದೇ ಪೇಟೆಯಲ್ಲಿ ಇರುತ್ತಾನೆ. ಔಷಧ ಕೆಲಸ ಮಾಡದಿದ್ದರೆ ಮುಂದಿನ ಸಂತೆಯ ದಿನ ಅವನ ಮುಂದೆ ಹೋಗಿ ನಿಲ್ಲಬಹುದು. ಅವನಿಗೆ ಪರವಾನಗಿ ಇದೆ, ಕೃಷಿ ಅಧಿಕಾರಿ ಬಂದು ತಪಾಸಣೆ ಮಾಡುತ್ತಾರೆ. ಫೋನಿನ ಆಚೆಯವನು ಯಾವ ಊರಿನವನೆಂದೇ ಗೊತ್ತಿರುವುದಿಲ್ಲ. ಅವನ ಹೊಲದ ಮಣ್ಣು, ಮಳೆ, ಬೆಳೆಯ ತಳಿ ನಮ್ಮದಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ ಮಾತು ಈಗಿನ ವಿಡಿಯೋಗಳಿಗೆ ಹೇಳಿ ಮಾಡಿಸಿದಂತಿದೆ.

ಧಾರಣೆಯ ಸುದ್ದಿ

ಧಾರಣೆಯಲ್ಲಿ ಸುಳ್ಳು ಹೇಳದೆಯೂ ಮೋಸ ಮಾಡಬಹುದು. ಎಪಿಎಂಸಿ ಪ್ರಕಟಿಸುವ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಹೆಚ್ಚಿನ ಮಾಲು ಯಾವ ದರಕ್ಕೆ ಮಾರಾಟವಾಯಿತೋ ಅದು ಮಾದರಿ ದರ. ಒಂದು ದಿನ 500 ಚೀಲ ಬಂದು, ಐದು ಚೀಲ ಮಾತ್ರ 60,000ಕ್ಕೆ ಹೋಗಿ, ಮಿಕ್ಕದ್ದು 48,000ದ ಆಸುಪಾಸಿನಲ್ಲಿ ಹೋಯಿತೆಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಓಡುವುದು ಆ 60,000 ಮಾತ್ರ. ಅದನ್ನು ನಂಬಿ ಮಾಲನ್ನು ಹಿಡಿದಿಟ್ಟವನು, ಸಾಲದ ಬಡ್ಡಿಯನ್ನೂ ಹಿಡಿದಿಟ್ಟಂತೆ.

ದರದ ಜೊತೆಗೆ ದರ್ಜೆಯೂ ಬೇಕು. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆ ದರ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಡಬ್ಬಿಯ ದರ ಕಡ್ಡಿಗಿಲ್ಲ, ಕಡ್ಡಿಯ ದರ ಗುಂಟೂರಿಗಿಲ್ಲ. ‘ಅಡಿಕೆ ಏರಿತು’ ಎಂಬ ಬರಿಯ ಮಾತಿಗೆ ಅರ್ಥವೇ ಇಲ್ಲ. ಯಾವ ಪೇಟೆ, ಯಾವ ದಿನ, ಯಾವ ದರ್ಜೆ, ಮಾದರಿ ದರ ಎಷ್ಟು, ಎಷ್ಟು ಚೀಲ ಆವಕ ಎಂಬ ಐದೂ ಇದ್ದರೆ ಅದು ಸುದ್ದಿ, ಇಲ್ಲದಿದ್ದರೆ ಗಾಳಿಮಾತು. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಈ ವಿವರಗಳು ಸಿಗುತ್ತವೆ. ದಿನಾಂಕದ ವಿಷಯ ಮಳೆಯ ಸುದ್ದಿಗೂ ಅನ್ವಯಿಸುತ್ತದೆ. ಹೋದ ವರ್ಷದ ‘ಭಾರಿ ಮಳೆ’ ಸಂದೇಶ ಈ ವರ್ಷವೂ ಊರು ಸುತ್ತುತ್ತಿರುತ್ತದೆ.

ಕೊಳ್ಳುವಾಗ

ಬಟ್ಟೆ, ಪಾತ್ರೆ, ಚಪ್ಪಲಿಗಳನ್ನು ಫೋನಿನಲ್ಲಿ ತರಿಸಿ ತಪ್ಪಾದರೆ ಮರಳಿಸಬಹುದು. ಬಿತ್ತನೆ ಬೀಜದ ವಿಷಯ ಹಾಗಲ್ಲ. ಬೀಜ ಹುಟ್ಟದಿದ್ದರೆ ಅದರ ಬೆಲೆಯ ಜೊತೆಗೆ ಹದ ಹೋಗುತ್ತದೆ, ಹಂಗಾಮು ಹೋಗುತ್ತದೆ. ಹಂಗಾಮನ್ನು ಯಾವ ಕಂಪನಿಯೂ ಮರಳಿ ಕಳಿಸಲಾರದು.

ಕೀಟನಾಶಕಗಳನ್ನು ಇಂಟರ್‌ನೆಟ್ ಮೂಲಕ ಮಾರಲು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ನಿಯಮ ತಿದ್ದಿ ಅವಕಾಶ ಕೊಟ್ಟಿದೆ. ಆದರೆ ಮಾರುವವನಿಗೆ ಪರವಾನಗಿ ಇರಲೇಬೇಕು. ಆದ್ದರಿಂದ ಪರವಾನಗಿ ಸಂಖ್ಯೆ ತೋರಿಸದವನಿಂದ ಹನಿ ಔಷಧವನ್ನೂ ಕೊಳ್ಳಬೇಡಿ. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ಘೋರ ವಿಷ, ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಅದಕ್ಕಿಂತ ಕಡಿಮೆ. ಆ ಗುರುತು ಇಲ್ಲದೆ ‘ಜೈವಿಕ ಟಾನಿಕ್’ ಎಂದು ಬರುವ ಬಾಟಲಿಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಬೆಳವಣಿಗೆಯ ಜೈವಿಕ ಪ್ರಚೋದಕಗಳನ್ನೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ನೈಸರ್ಗಿಕ ಎಂದ ಮಾತ್ರಕ್ಕೆ ಕಾಯಿದೆಯಿಂದ ವಿನಾಯಿತಿ ಸಿಗುವುದಿಲ್ಲ.

ಬಿಲ್ಲು, ಖಾಲಿ ಚೀಲ, ಲಾಟ್ ನಂಬರಿನ ಚೀಟಿ, ಒಂದು ಹಿಡಿ ಬೀಜ ಇವನ್ನು ಕಟಾವಿನವರೆಗೆ ತೆಗೆದಿಡಿ. ಕಳಪೆ ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮಾರಿದವನು ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಣ ಕೊಡುವಾಗ ಒಂದೇ ಮಾತು ನೆನಪಿಡಿ. ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಡ. ಹಸು, ಹಳೆಯ ಟ್ರಾಕ್ಟರು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದ ಕೂಡಲೇ ದೂರದ ಯಾರೋ ಒಪ್ಪಿ, ‘ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿ’ ಎಂದರೆ ಅವನು ಕೊಡುವವನಲ್ಲ, ಕೀಳುವವನು. ಪಿಎಂ ಕಿಸಾನ್ ಕಂತಿನ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಆ್ಯಪ್ ಕಡತಗಳನ್ನು ಒತ್ತಲೇಬೇಡಿ. ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ನಾಚಿಕೊಂಡು ತಡಮಾಡಿದಷ್ಟೂ ಹಣ ದೂರ ಹೋಗುತ್ತದೆ.

ಆಗಬೇಕಾದ ಕೆಲಸ

ಎಲ್ಲ ಎಚ್ಚರಿಕೆಯನ್ನೂ ರೈತನ ತಲೆಗೆ ಕಟ್ಟಿ ಇಲಾಖೆಗಳು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೃಷಿ ಇಲಾಖೆ, ವಿಶ್ವವಿದ್ಯಾಲಯಗಳು ಕಳಿಸುವ ಪ್ರತಿ ಸಂದೇಶದ ಮೇಲೂ ದಿನಾಂಕ, ಯಾವ ಜಿಲ್ಲೆಗೆ, ಯಾವ ಬೆಳೆಯ ಯಾವ ಹಂತಕ್ಕೆ, ಎಂದಿನವರೆಗೆ ಅನ್ವಯ ಎಂಬುದು ಇರಲಿ. ವ್ಯಾಪಾರಿಯ ವಿಡಿಯೋ ರಾತ್ರಿ ಹನ್ನೊಂದಕ್ಕೂ ಸಿಗುವಾಗ ವಿಜ್ಞಾನಿಯ ಉತ್ತರಕ್ಕೆ ವಾರ ಕಾಯಬೇಕಾದರೆ ರೈತ ಯಾರ ಮಾತು ಕೇಳುತ್ತಾನೆ? ಕಿಸಾನ್ ಕಾಲ್ ಸೆಂಟರ್ (1800-180-1551) 2004ರಿಂದ ಇದೆ. ಕನ್ನಡದಲ್ಲೂ ಉತ್ತರ ಕೊಡುತ್ತದೆ. ಊರ ಹೊಲವನ್ನು ಬಲ್ಲವರ ಉತ್ತರವೂ ಅಷ್ಟೇ ಬೇಗ ಸಿಗುವಂತೆ ರೈತ ಸಂಪರ್ಕ ಕೇಂದ್ರಗಳನ್ನು ಬಲಪಡಿಸಬೇಕು. ಔಷಧ ಮಾರುವವನು ಪಾಠ ಹೇಳುವ ವೇಷದಲ್ಲಿ ಬಂದರೆ ‘ಇದು ಜಾಹೀರಾತು’ ಎಂದು ಕನ್ನಡದಲ್ಲಿ, ಎದ್ದು ಕಾಣುವಂತೆ ಬರೆಯುವುದನ್ನು ಕಡ್ಡಾಯ ಮಾಡಿ, ಬರೆಯದವನಿಗೆ ದಂಡ ಹಾಕಬೇಕು.

ನಾವು ಮಾಡಬೇಕಾದದ್ದೂ ಒಂದಿದೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಕಂಪ್ಯೂಟರೂ ಬಂದಿದೆ. ನೀವು ಈ ಪುಟ ಓದುತ್ತಿರುವ ಜಾಗದಲ್ಲೇ ವಾರಕ್ಕೊಂದು ಸಂಜೆ ಕೂಡಿ. ಆ ವಾರ ಫೋನಿಗೆ ಬಂದ ಕೃಷಿ ಸಂದೇಶಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಹಾಕಿ: ಹೇಳಿದವರು ಯಾರು? ಯಾವಾಗ ಹೇಳಿದರು? ಯಾವ ಮಣ್ಣಿಗೆ, ಯಾವ ಮಳೆಗೆ ಹೇಳಿದರು? ಇದರಿಂದ ಅವರಿಗೆ ಮಾರಾಟವಾಗುವುದೇನು? ನಾಲ್ಕಕ್ಕೂ ಉತ್ತರ ಸಿಕ್ಕ ಸಲಹೆಯನ್ನು ಮೊದಲು ಹತ್ತು ಗುಂಟೆಯಲ್ಲಿ ಮಾಡಿ ನೋಡಿ. ಫಲವೇನೆಂದು ಒಂದು ವಹಿಯಲ್ಲಿ ಬರೆದಿಡಿ. ಮೂರು ಹಂಗಾಮು ಕಳೆದರೆ ನಿಮ್ಮ ಊರ ಮಣ್ಣಿಗೇ ಹೊಂದುವ ಒಂದು ಕೈಪಿಡಿ ನಿಮ್ಮ ಕೈಯಲ್ಲಿರುತ್ತದೆ. ಮನೆಯ ಹೆಣ್ಣುಮಕ್ಕಳನ್ನೂ, ಓದುವ ಹುಡುಗರನ್ನೂ ಕರೆತನ್ನಿ. ಫೋನಿನ ಒಳಹೊರಗು ಬಲ್ಲವರು ಅವರೇ.

ರೇಡಿಯೋ ಕಾಲದ ಕೂಟಗಳಿಗೆ ಪೆಟ್ಟಿಗೆ ಒಂದೇ ಇತ್ತು, ಅದಕ್ಕಾಗಿ ಜನ ಕೂಡಿದರು. ಇಂದು ಪೆಟ್ಟಿಗೆ ಪ್ರತಿ ಜೇಬಿನಲ್ಲಿದೆ. ಆದ್ದರಿಂದ ಕೂಡುವ ಮನಸ್ಸನ್ನು ನಾವೇ ಮಾಡಬೇಕಾಗಿದೆ. ಮುಂಗಾರಿನ ಬೀಜ, ಗೊಬ್ಬರ ಕೊಳ್ಳುವ ಮೊದಲೇ ಒಂದು ಸಂಜೆ ಗೊತ್ತುಮಾಡಿ.